ಕಾನೂನು ನಮ್ಮದು, ಮೇಜು ಅವರದು

ಅಮೆರಿಕದ ಟೆಕ್ಸಸ್‌ನಲ್ಲಿ ಆಸ್ತಿ ದಾಖಲೆಗಳನ್ನು ಇಡುವ ಯಾವುದಾದರೂ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಿ ಹಳೆಯ ಕ್ರಯಪತ್ರಗಳ ಸಂಪುಟ ನೋಡಬೇಕು ಅಂದರೆ, ಕೌಂಟರಿನಲ್ಲಿ ಕೇಳುವುದು ಹೆಚ್ಚೆಂದರೆ ಒಂದು ಪ್ರಶ್ನೆ: ಯಾವ ವರ್ಷದ್ದು? ಏಕೆ ಬೇಕು, ಆ ಜಮೀನಿಗೂ ನಿಮಗೂ ಏನು ಸಂಬಂಧ, ಸಾಹೇಬರ ಸಹಿ ಆಗಿದೆಯಾ ಎಂಬ ಮಾತೇ ಇಲ್ಲ. ಕಬ್ಬಿಣದ ಉರುಳೆಗಳ ಮೇಲೆ ಮಲಗಿಸಿದ ಭಾರದ ಪುಸ್ತಕವನ್ನು ನೀವೇ ಎಳೆದು, ಇಳಿಜಾರು ಮೇಜಿನ ಮೇಲಿಟ್ಟು, ಸಂಜೆಯವರೆಗೂ ಓದಬಹುದು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ಕಿಟಕಿಯಿಂದ ಮಾತ್ರ ಕಂಡವರಿಗೆ ಇದು ಮೊದಮೊದಲು ನಂಬಲಾಗದ ಸಂಗತಿ.

ಇಷ್ಟು ನೋಡಿದ ಕೂಡಲೇ ನಮ್ಮವರಲ್ಲಿ ಅರ್ಧ ಜನ ಊರಿನ ವ್ಯವಸ್ಥೆಯನ್ನು ಬೈಯಲು ಶುರು ಮಾಡುತ್ತಾರೆ. ನನಗೆ ಆ ಬೈಗುಳ ಪೂರ್ತಿ ಒಪ್ಪಿಗೆಯಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ತೆಗೆದು ನೋಡಿ. ಶುಲ್ಕ ಕಟ್ಟಿ ಕೇಳಿದ ಯಾರಿಗೇ ಆಗಲಿ 1 ಮತ್ತು 2ನೇ ಪುಸ್ತಕಗಳೂ 1ನೇ ಪುಸ್ತಕದ ಸೂಚಿಗಳೂ ಸದಾ ತೆರೆದಿರಬೇಕು ಎಂದು ಅದರಲ್ಲಿದೆ. ಸ್ಥಿರಾಸ್ತಿಯ ಪತ್ರಗಳೆಲ್ಲ ಇರುವುದು ಆ 1ನೇ ಪುಸ್ತಕದಲ್ಲೇ. ಹಕ್ಕು ನೂರು ವರ್ಷಕ್ಕೂ ಹಿಂದಿನದು. ನಮ್ಮಲ್ಲಿ ಇಲ್ಲದಿರುವುದು ಆ ಹಕ್ಕು ಚಲಾಯಿಸಲು ಬೇಕಾದ ಒಂದು ಮೇಜು, ಒಂದು ಕುರ್ಚಿ, ಗೊಣಗದೆ ಪುಸ್ತಕ ತೆಗೆದುಕೊಡುವ ಒಬ್ಬ ಗುಮಾಸ್ತ.

ಮೊದಲು ಇಲ್ಲಿಯ ಕಚೇರಿಗಳ ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ. ಕೌಂಟಿ ಅಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಒಂದು ಘಟಕ ಅಂದುಕೊಳ್ಳಿ. ದೊಡ್ಡ ಕೌಂಟಿಗಳಲ್ಲಿ 'ಕೌಂಟಿ ಜಡ್ಜ್' ತೀರ್ಪು ಕೊಡುವುದು ಅಪರೂಪ. ಬಜೆಟ್ಟು, ರಸ್ತೆ, ಸೇತುವೆ ನೋಡಿಕೊಳ್ಳುವ ಆಡಳಿತಗಾರ ಆತ. 'ಕಮಿಷನರ್ಸ್ ಕೋರ್ಟ್' ಹೆಸರಿಗಷ್ಟೇ ಕೋರ್ಟು. ಜಡ್ಜ್ ಜೊತೆ ನಾಲ್ವರು ಕಮಿಷನರ್‌ಗಳು ಕೂತು ನಡೆಸುವ ಸಭೆ ಅದು. ಕ್ರಯಪತ್ರ, ಮದುವೆ ಲೈಸೆನ್ಸು, ವ್ಯಾಪಾರದ ಹೆಸರಿನ ನೋಂದಣಿ, ಜನನ ಮರಣದ ನಕಲು ಕೌಂಟಿ ಕ್ಲರ್ಕ್ ಬಳಿ. ದನಗಳಿಗೆ ಹಾಕುವ ಬರೆಯ ಗುರುತೂ ಅಲ್ಲೇ, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಚ್ಛೇದನ ಮತ್ತು ದೊಡ್ಡ ವ್ಯಾಜ್ಯಗಳ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ. ಕಾರಿನ ಟೈಟಲ್ (ಮಾಲೀಕತ್ವದ ಪತ್ರ), ಆಸ್ತಿ ತೆರಿಗೆ ಕಟ್ಟುವುದು ಟ್ಯಾಕ್ಸ್ ಅಸೆಸರ್ ಬಳಿ. ಮನೆಯ ಬೆಲೆ ಕಟ್ಟುವ, ವಾಸದ ಮನೆಗೆ ವಿನಾಯಿತಿ ಕೊಡುವ ಅಪ್ರೈಸಲ್ ಡಿಸ್ಟ್ರಿಕ್ಟ್ ಬೇರೆಯೇ ಸಂಸ್ಥೆ. ವಿನಾಯಿತಿಯ ಅರ್ಜಿ ಹಿಡಿದು ಕ್ಲರ್ಕ್ ಮುಂದೆ ನಿಂತರೆ ಹೋದ ದಾರಿಗೆ ಸುಂಕವಿಲ್ಲ.

ಇನ್ನೊಂದು ಎಡವಟ್ಟು ಕಟ್ಟಡದ್ದು. ಊರ ನಡುವಿನ ಚೌಕದಲ್ಲಿ ಗಡಿಯಾರ ಗೋಪುರ ಹೊತ್ತು ನಿಂತ ಕಟ್ಟಡದಲ್ಲಿ ಕಚೇರಿ ಇರಲೇಬೇಕೆಂದಿಲ್ಲ. ಡೆಂಟನ್‌ನ 1896ರ ಕೋರ್ಟ್‌ಹೌಸಿನಲ್ಲಿ ಈಗ ಮ್ಯೂಸಿಯಂ ಇದೆ. ಮೆಕಿನ್ನಿಯ ಹಳೆಯದು ನಾಟಕ ಸಂಗೀತದ ಮನೆಯಾಗಿದೆ. ಕಚೇರಿಗಳು ಹೊರವಲಯದ ಹೊಸ ಕಟ್ಟಡಗಳಿಗೆ ಹೋಗಿವೆ. ಕನ್ನಡಿಗರು ಹೆಚ್ಚಾಗಿರುವ ಫ್ರಿಸ್ಕೋ ಊರಂತೂ ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ. ಅಂಚೆ ವಿಳಾಸ ಒಂದೇ ಇದ್ದರೂ ರಸ್ತೆಯ ಆಚೆ ಬದಿಯ ಮನೆಯ ಪತ್ರ ಬೇರೆ ಕೌಂಟಿಯಲ್ಲಿ ದಾಖಲಾಗಬೇಕು. ತಪ್ಪು ಕೌಂಟಿಯಲ್ಲಿ ದಾಖಲಿಸಿದ ಪತ್ರ ನಿಮ್ಮ ಹಕ್ಕನ್ನು ಕಾಪಾಡುವುದಿಲ್ಲ. ತೆರಿಗೆ ಬಿಲ್ಲಿನಲ್ಲಿ ಯಾವ ಕೌಂಟಿಯ ಹೆಸರಿದೆ ನೋಡಿಕೊಂಡೇ ಹೊರಡಿ. ಬಾಗಿಲಲ್ಲಿ ತಪಾಸಣೆ ಇರುತ್ತದೆ, ಕೀಚೈನಿನ ಪುಟ್ಟ ಚಾಕು ಕಾರಿನಲ್ಲೇ ಇರಲಿ.

ಈಗ ಕ್ರಯಪತ್ರದ ವಿಷಯ. ನಮ್ಮಲ್ಲಿ ಕೊಡುವವರು, ಕೊಳ್ಳುವವರು, ಸಾಕ್ಷಿಗಳು ಸಬ್ ರಿಜಿಸ್ಟ್ರಾರ್ ಎದುರು ಫೋಟೋ, ಹೆಬ್ಬೆಟ್ಟು ಕೊಡಬೇಕು. ಬರೆದುಕೊಟ್ಟ ದಿನದಿಂದ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ಇಲ್ಲಿ ಕೊಡುವವರು ಯಾವುದೋ ನೋಟರಿಯ ಮುಂದೆ ಸಹಿ ಹಾಕಿದರೆ ಮುಗಿಯಿತು. ಕಾಗದ ಅಂಚೆಯಲ್ಲೋ ಕಂಪ್ಯೂಟರಿನಲ್ಲೋ ಕ್ಲರ್ಕನ್ನು ತಲುಪುತ್ತದೆ. ಮುದ್ರಾಂಕ ಶುಲ್ಕ ಎಂಬುದೇ ಇಲ್ಲ. ಮೊದಲ ಪುಟಕ್ಕೆ ಸುಮಾರು 25 ಡಾಲರ್, ಮುಂದಿನ ಪ್ರತಿ ಪುಟಕ್ಕೆ 4. ಕ್ಲರ್ಕ್ ಮುಖ್ಯವಾಗಿ ನೋಡುವುದು ಕಾಗದದ ಲಕ್ಷಣ: ಹಾಳೆ ಎಂಟೂವರೆ ಇಂಚಿಗೆ ಹದಿನಾಲ್ಕು ಇಂಚು ಮೀರಿಲ್ಲವೇ, ಅಕ್ಷರ ಎಂಟು ಪಾಯಿಂಟಿಗಿಂತ ಸಣ್ಣದಿಲ್ಲವೇ, ಸಹಿಯ ಕೆಳಗೆ ಹೆಸರು ಸ್ಪಷ್ಟವಾಗಿದೆಯೇ, ಕೊಂಡವರ ಅಂಚೆ ವಿಳಾಸ ಇದೆಯೇ. ಇವುಗಳಲ್ಲಿ ಒಂದು ತಪ್ಪಿದರೆ ಹೆಚ್ಚುವರಿ ಶುಲ್ಕ, ಇಲ್ಲವೇ ಕಾಗದ ವಾಪಸ್. ಮಾರಿದಾತನಿಗೆ ನಿಜವಾಗಿ ಆ ಮನೆ ಸೇರಿತ್ತೇ ಎಂದು ಕ್ಲರ್ಕ್ ನೋಡುವುದಿಲ್ಲ, ನೋಡುವ ಅಧಿಕಾರವೂ ಇಲ್ಲ. ಕ್ಲರ್ಕಿನ ಮುದ್ರೆ ಬಿದ್ದಿದೆ ಎಂದ ಮಾತ್ರಕ್ಕೆ ಹಕ್ಕು ಸಿದ್ಧವಾಯಿತು ಎಂದು ನಂಬುವುದು ನಮ್ಮವರು ಮಾಡುವ ಮೊದಲ ತಪ್ಪು. ಆಸ್ತಿಯ ಹಕ್ಕಿನಲ್ಲಿ ದೋಷವಿದ್ದರೆ ನಷ್ಟ ತುಂಬಿಕೊಡುವ ಟೈಟಲ್ ವಿಮೆ ಎಂಬ ಉದ್ಯಮ ನಿಂತಿರುವುದೇ ಈ ಖಾಲಿ ಜಾಗದ ಮೇಲೆ. ಸುಳ್ಳು ಸಹಿಯ ಪತ್ರಗಳೂ ಇದೇ ಸಂದಿಯಲ್ಲಿ ನುಸುಳುತ್ತವೆ. ಹಲವು ಕೌಂಟಿಗಳಲ್ಲಿ ನಿಮ್ಮ ಹೆಸರಿನಲ್ಲಿ ಏನಾದರೂ ದಾಖಲಾದರೆ ಇಮೇಲ್ ಕಳಿಸುವ ಉಚಿತ ಸೌಲಭ್ಯವಿದೆ, ಹೆಸರು ಬರೆಸಿಕೊಳ್ಳಿ. ಮನೆ ಕೊಂಡ ಕೆಲವೇ ವಾರಗಳಲ್ಲಿ "ನಿಮ್ಮ ಪತ್ರದ ನಕಲಿಗೆ ನೂರು ಡಾಲರ್ ಕಳಿಸಿ" ಎಂದು ಸರ್ಕಾರಿ ಗತ್ತಿನ ಕಾಗದವೊಂದು ಬರುತ್ತದೆ. ಕಸದ ಬುಟ್ಟಿಗೆ ಹಾಕಿ. ಕ್ಲರ್ಕ್ ಬಳಿ ಸಾದಾ ನಕಲು ಪುಟಕ್ಕೆ 1 ಡಾಲರ್, ದೃಢೀಕರಣಕ್ಕೆ ಮೇಲೆ 5.

ಹುಡುಕುವ ಕ್ರಮದಲ್ಲಿ ನಾವು ಮುಂದಿದ್ದೇವೆ ಅಂದರೆ ಇಲ್ಲಿನವರಿಗೆ ಆಶ್ಚರ್ಯ. ಕೌಂಟಿಯ ಸೂಚಿ ಸಾಮಾನ್ಯವಾಗಿ ಹೆಸರಿನದು: ಕೊಟ್ಟವರ ಸೂಚಿ ಒಂದು, ಕೊಂಡವರ ಸೂಚಿ ಇನ್ನೊಂದು. ಜಾಗದ ಪ್ರಕಾರ ಜೋಡಿಸಿದ ಸೂಚಿಯನ್ನು ಟೈಟಲ್ ಕಂಪನಿಗಳು ತಮ್ಮ ಖರ್ಚಿನಲ್ಲಿ ಇಟ್ಟುಕೊಂಡು ಅದರಿಂದಲೇ ಬದುಕುತ್ತವೆ. ನಮ್ಮಲ್ಲಿ ಹೆಸರಿನ ಸೂಚಿಯ ಜೊತೆಗೆ ಸ್ವತ್ತಿನ ಸೂಚಿಯನ್ನೂ ಕಾನೂನೇ ಕಡ್ಡಾಯ ಮಾಡಿದೆ. ಸರ್ವೆ ನಂಬರು ಕೊಟ್ಟರೆ ಋಣಭಾರ ಪತ್ರ ಬರುವುದು ಅದರಿಂದಲೇ. ಕರ್ನಾಟಕ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚಿನದನ್ನು ಮನೆಯಲ್ಲೇ ಕೂತು ತೆಗೆಯಬಹುದು. ಅದಕ್ಕೂ ಹಿಂದಿನದಕ್ಕೆ ಮತ್ತದೇ ಕಿಟಕಿ, ಅದೇ "ನಾಳೆ ಬನ್ನಿ".

ಹೆಸರಿನ ಸೂಚಿ ಕನ್ನಡಿಗರನ್ನು ವಿಶೇಷವಾಗಿ ಕಾಡುತ್ತದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರಿಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಆಮೇಲೆ ಇಟ್ಟ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾ ಅದನ್ನು ಕೊನೆಯ ಹೆಸರು ಮಾಡಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಬರೆಯುತ್ತದೆ. ಅದೇ ಡ್ರೈವಿಂಗ್ ಲೈಸೆನ್ಸಿಗೆ ಇಳಿದು, ಸಾಲದ ಕಾಗದಕ್ಕೆ ಹತ್ತಿ, ಕೊನೆಗೆ ಕ್ರಯಪತ್ರದಲ್ಲಿ ಕೂರುತ್ತದೆ. ಕೊಳ್ಳುವಾಗ ಒಂದು ರೂಪ, ಮಾರುವಾಗ ಇನಿಷಿಯಲ್ ಬಿಡಿಸಿದ ಇನ್ನೊಂದು ರೂಪ ಆದರೆ ಸೂಚಿಯಲ್ಲಿ ಸರಪಳಿ ತುಂಡಾಗುತ್ತದೆ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಕೊಡಬೇಕಾಗುತ್ತದೆ. ಹುಡುಕುವಾಗ ಹೆಸರನ್ನು ಮೂರು ನಾಲ್ಕು ಬಗೆಯಲ್ಲಿ, ಹಿಂದುಮುಂದಾಗಿಯೂ ಹಾಕಿ ನೋಡಿ.

ನೀವಿರುವ ಜಾಗದ ಚರಿತ್ರೆ ಬೇಕಿದ್ದರೆ ದಾರಿ ಹೀಗಿದೆ. ಅಪ್ರೈಸಲ್ ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ವಿಳಾಸ ಹಾಕಿ, ಜಾಗದ ಕಾನೂನು ವಿವರಣೆ ಬರೆದುಕೊಳ್ಳಿ: ಬಡಾವಣೆ, ಬ್ಲಾಕು, ಲಾಟು, ಮೂಲ ಸರ್ವೆಗೆ ಕೊಟ್ಟ ಅಬ್‌ಸ್ಟ್ರಾಕ್ಟ್ ಸಂಖ್ಯೆ. ಈಗಿನ ಮಾಲೀಕರ ಹೆಸರನ್ನು ಕೊಂಡವರ ಸೂಚಿಯಲ್ಲಿ ಹುಡುಕಿದರೆ ಅವರಿಗೆ ಮಾರಿದವರು ಸಿಗುತ್ತಾರೆ. ಆ ಮಾರಿದವರು ತಾವು ಕೊಂಡದ್ದು ಯಾವಾಗ ಎಂದು ಮತ್ತೆ ಅದೇ ಸೂಚಿ. ಹೀಗೆ ಹಿಂದಕ್ಕೆ ಹೋದಂತೆ ಬಡಾವಣೆ ಹೊಲವಾಗುತ್ತದೆ, ಹೊಲ ಸರ್ಕಾರ ಕೊಟ್ಟ ಮೂಲ ಮಂಜೂರಾತಿಯಲ್ಲಿ ಕೊನೆಯಾಗುತ್ತದೆ. ಅದರ ಕಡತ ಆಸ್ಟಿನ್‌ನ ಜನರಲ್ ಲ್ಯಾಂಡ್ ಆಫೀಸಿನಲ್ಲಿದೆ. ನಡುವೆ ಕೊಂಡಿ ತಪ್ಪಿದರೆ ಸಾಮಾನ್ಯವಾಗಿ ಯಾರೋ ತೀರಿಕೊಂಡಿರುತ್ತಾರೆ, ಆಗ ತೀರಿಕೊಂಡವರ ಉಯಿಲು, ಆಸ್ತಿಯ ಕೋರ್ಟು ದಾಖಲೆಗಳಿರುವ ಪ್ರೊಬೇಟ್ ಪುಸ್ತಕ ತೆಗೆಯಿರಿ. ನಮ್ಮಲ್ಲಿ ಉಯಿಲುಗಳ 3ನೇ ಪುಸ್ತಕವನ್ನು ಸಾರ್ವಜನಿಕರು ತೆರೆದು ನೋಡುವಂತಿಲ್ಲ, ಬರೆದವರು ತೀರಿಕೊಂಡ ಮೇಲೆ ನಕಲು ಮಾತ್ರ ಕೇಳಬಹುದು. ಇಲ್ಲಿ ಪ್ರೊಬೇಟ್ ಆದ ಉಯಿಲನ್ನು ಯಾರು ಬೇಕಾದರೂ ಓದಬಹುದು.

ಹಳೆಯ ಪತ್ರಗಳ ಅಳತೆ ಸ್ಪ್ಯಾನಿಷ್ ಕಾಲದ 'ವಾರಾ'ದಲ್ಲಿದೆ. ಟೆಕ್ಸಸ್‌ನಲ್ಲಿ ಒಂದು ವಾರಾ 33⅓ ಇಂಚು, 36 ವಾರಾಕ್ಕೆ ನೂರು ಅಡಿ. ಐದು ಸಾವಿರ ವಾರಾ ಚೌಕಕ್ಕೆ ಒಂದು ಲೀಗ್, ಅಂದರೆ 4,428 ಎಕರೆ ಚಿಲ್ಲರೆ. ನಮ್ಮ ಗುಂಟೆ 33 ಅಡಿಯ ಚೌಕ. ಇದು ಕಾಕತಾಳೀಯ, ಆದರೂ ನೆನಪಿಟ್ಟುಕೊಳ್ಳಲು ಅನುಕೂಲ. ಗಡಿಯ ವಿವರಣೆಯಂತೂ ನೇರ ನಮ್ಮ ಚಕ್ಕುಬಂದಿಯ ಸೋದರ: ಇಂಥ ಓಕ್ ಮರದಿಂದ ಉತ್ತರಕ್ಕೆ ಇಷ್ಟು ವಾರಾ, ಅಲ್ಲಿಂದ ಹಳ್ಳದ ದಂಡೆ. ಮರ ಸತ್ತು ಹಳ್ಳ ದಾರಿ ಬದಲಿಸಿದಾಗ ಹುಟ್ಟುವ ಜಗಳವೂ ನಮ್ಮಲ್ಲಿಯಂಥದ್ದೇ.

ಈ ಪುಸ್ತಕಗಳಲ್ಲಿ ಓದಲು ಕಷ್ಟವಾಗುವ ಪುಟಗಳಿವೆ. 1865ಕ್ಕೆ ಹಿಂದಿನ ಪ್ರೊಬೇಟ್ ಪಟ್ಟಿಗಳಲ್ಲಿ ಕುದುರೆ, ನೇಗಿಲುಗಳ ಸಾಲಿನಲ್ಲೇ ಗುಲಾಮರ ಹೆಸರು, ವಯಸ್ಸು, ಬೆಲೆ. ಇಪ್ಪತ್ತನೇ ಶತಮಾನದ ಮೊದಲರ್ಧದ ಬಡಾವಣೆಗಳ ಪತ್ರಗಳಲ್ಲಿ ಬಿಳಿಯರಲ್ಲದವರು ಇಲ್ಲಿ ವಾಸಿಸಕೂಡದು ಎಂಬ ಷರತ್ತು. 1923ರ ಥಿಂಡ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯನನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಲಿಲ್ಲ. 1946ರ ಕಾಯ್ದೆ ಬರುವತನಕ ಪೌರತ್ವದ ಬಾಗಿಲೂ ಮುಚ್ಚಿತ್ತು. ಹಾಗಾಗಿ ಆ ಷರತ್ತು ನಮ್ಮಂಥವರ ಮೇಲೂ ಬರೆದದ್ದೇ. 1948ರಲ್ಲಿ ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡಕೂಡದು ಎಂದು ತೀರ್ಪಾಯಿತು, ಆದರೆ ಅಕ್ಷರಗಳು ಪುಸ್ತಕದಲ್ಲಿ ಉಳಿದವು. ಅವನ್ನು ಅಳಿಸಬೇಕು ಎನ್ನುವವರಿದ್ದಾರೆ. ಅಳಿಸಬಾರದು ಎಂಬುದು ನನ್ನ ಅಭಿಪ್ರಾಯ. ಮುಚ್ಚಿಡದ ದಾಖಲೆಯ ದೊಡ್ಡ ಉಪಯೋಗವೇ ಇದು.

ಕಾಗದ ಉಳಿದರೆ ತಾನೇ ಇದೆಲ್ಲ. ಬೆಂಕಿ ಇಲ್ಲಿನ ದಾಖಲೆಗಳ ಹಳೆಯ ಶತ್ರು. ಹಿಲ್ಸ್‌ಬೊರೊದ 1890ರ ಕೋರ್ಟ್‌ಹೌಸ್ 1993ರ ಜನವರಿ 1ರಂದು ಸುಟ್ಟುಹೋಯಿತು. ಅದೇ ಕೌಂಟಿಯ ಗಾಯಕ ವಿಲ್ಲಿ ನೆಲ್ಸನ್ ಹಾಡಿ ಹಣ ಕೂಡಿಸಿದರು, ಕಟ್ಟಡ ಮತ್ತೆ ಎದ್ದಿತು. ಮೇಸನ್‌ನದಕ್ಕೆ 2021ರ ಫೆಬ್ರವರಿಯಲ್ಲಿ ಯಾರೋ ಬೆಂಕಿಯಿಟ್ಟರು. ದುರಸ್ತಿಗೆಂದು ಕಡತಗಳನ್ನು ಮೊದಲೇ ಸಾಗಿಸಿದ್ದರಿಂದ ಅವು ಬದುಕಿಕೊಂಡವು. 1999ರಿಂದ ರಾಜ್ಯವೇ ಹಳೆಯ ಕೋರ್ಟ್‌ಹೌಸುಗಳ ದುರಸ್ತಿಗೆ ಹಣ ಕೊಡುತ್ತಿದೆ. ವಾಕ್ಸಹ್ಯಾಚಿಯ 1897ರ ಕೆಂಪು ಕಲ್ಲಿನ ಕಟ್ಟಡದ ಮುಂದೆ ನಿಂತರೆ ಬೆಂಗಳೂರಿನ ಅಠಾರಾ ಕಚೇರಿ ನೆನಪಾಗದೆ ಇರದು. ಅಠಾರಾ ಕಚೇರಿ ಕೆಡವುವ ಮಾತು ಬಂದಾಗ ಜನ ನಿಂತು ಉಳಿಸಿಕೊಂಡರು. ಒಳಗಿನ ಕಾಗದಕ್ಕಾಗಿ ಹಾಗೆ ನಿಂತವರು ಕಡಿಮೆ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಚಿದ ಬಟ್ಟೆಯ ಮೇಲೆ ಬಳಪದಲ್ಲಿ ಶಾನುಭೋಗರು ಲೆಕ್ಕ ಬರೆಯುತ್ತಿದ್ದ ಕಡತಗಳು ಎಷ್ಟು ಊರಲ್ಲಿ ಗೆದ್ದಲ ಪಾಲಾದವೋ. ಫೈಲಿಗೆ ನಾವು ಇವತ್ತಿಗೂ ಬಳಸುವ ಪದ ಅದೇ 'ಕಡತ'.

ಉಳಿದ ಕೆಲಸಗಳನ್ನು ಬೇಗ ಮುಗಿಸುತ್ತೇನೆ. ಮದುವೆ ಲೈಸೆನ್ಸಿಗೆ ಇಬ್ಬರೂ ಗುರುತಿನ ಚೀಟಿಯೊಡನೆ ಹೋಗಬೇಕು. ಕೊಟ್ಟ ಮೇಲೆ 72 ಗಂಟೆ ಕಾಯಬೇಕು, 90 ದಿನದೊಳಗೆ ತಾಳಿ ಕಟ್ಟಬೇಕು. ದೇವಸ್ಥಾನ ನೇಮಿಸಿದ ಪುರೋಹಿತರ ಸಹಿ ನಡೆಯುತ್ತದೆ, ಆದರೆ ಸಹಿಯಾದ ಕಾಗದ 30 ದಿನದೊಳಗೆ ಕ್ಲರ್ಕಿಗೆ ಮರಳಬೇಕು. ಮಂಗಳಕಾರ್ಯದ ಗದ್ದಲದಲ್ಲಿ ಅದು ಕವರಿನಲ್ಲೇ ಉಳಿದುಬಿಡುತ್ತದೆ. ಮುಹೂರ್ತಕ್ಕೆ ಮೊದಲೇ ಒಬ್ಬರಿಗೆ ಜವಾಬ್ದಾರಿ ವಹಿಸಿ.

ಮೊಕದ್ದಮೆ ಕೇಳಿ ತೀರ್ಪು ಹೇಳುವ ನಾಗರಿಕರ ಮಂಡಳಿಗೆ ಕರೆಯುವ ಜ್ಯೂರಿ ಸಮನ್ಸ್ ಪೌರರಲ್ಲದವರಿಗೂ ಬರುತ್ತದೆ, ಏಕೆಂದರೆ ಹೆಸರು ಆರಿಸುವುದು ಮತದಾರರ ಪಟ್ಟಿಯ ಜೊತೆಗೆ ಡ್ರೈವಿಂಗ್ ಲೈಸೆನ್ಸಿನ ಪಟ್ಟಿಯಿಂದಲೂ. ಬಿಸಾಡಬೇಡಿ, ಹೋಗಿ ಕೂರಲೂ ಬೇಡಿ. ಪೌರನಲ್ಲ ಎಂಬ ಚೌಕಕ್ಕೆ ಗುರುತು ಹಾಕಿ ಹಿಂದಿರುಗಿಸಿ, ನಕಲು ಇಟ್ಟುಕೊಳ್ಳಿ. ಆ ಉತ್ತರ ಮತದಾರರ ನೋಂದಣಿ ಕಚೇರಿಗೂ ಹೋಗುತ್ತದೆ. ತಿಳಿಯದೆ ಮತದಾರನೆಂದು ಹೆಸರು ಬರೆಸಿದವರಿದ್ದರೆ ಮೊದಲು ವಲಸೆ ವಕೀಲರನ್ನು ಕಾಣಲಿ.

ಊರಿನ ಸೈಟಿಗೆ ಜಿಪಿಎ ಕಳಿಸುವವರು ಟೆಕ್ಸಸ್‌ನಲ್ಲಿ ಕೌಂಟಿಗೆ ಹೋಗಬೇಕಿಲ್ಲ. ನೋಟರಿಯ ಮುಂದೆ ಸಹಿ, ಆಮೇಲೆ ಆಸ್ಟಿನ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಅಪೊಸ್ಟಿಲ್, ಅಂದರೆ ಬೇರೆ ದೇಶದಲ್ಲಿ ನಡೆಯುವಂಥ ದೃಢೀಕರಣ, ಪತ್ರಕ್ಕೆ 15 ಡಾಲರ್. ನ್ಯೂಯಾರ್ಕಿನಲ್ಲಾದರೆ ನೋಟರಿಯ ಸಹಿಯನ್ನು ಮೊದಲು ಕೌಂಟಿ ಕ್ಲರ್ಕ್ ದೃಢೀಕರಿಸಬೇಕು. ಕಾಗದ ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಗಡುವು ಮೀರಿದ ಪತ್ರ ಸಬ್ ರಿಜಿಸ್ಟ್ರಾರ್ ಮೇಜಿನಿಂದ ಹಿಂದೆ ಬರುತ್ತದೆ.

ರಜೆಗೆ ಊರಿಗೆ ಹೋದಾಗ ಒಂದು ಬೆಳಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಗೂ ಇಡಿ. ಋಣಭಾರ ಪತ್ರ ಬೇಕು ಎನ್ನಬೇಡಿ. 57ನೇ ಕಲಮಿನ ಅಡಿಯಲ್ಲಿ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಪರಿಶೀಲಿಸಲು ಕೋರಿಕೆ ಎಂದು ಬಿಳಿಹಾಳೆಯಲ್ಲಿ ಬರೆಯಿರಿ. ಗ್ರಾಮ, ಸರ್ವೆ ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದನ್ನು ಸೇರಿಸಿ. ಶುಲ್ಕ ಕಟ್ಟಿ ರಸೀದಿ ಪಡೆಯಿರಿ, ಅರ್ಜಿಯ ಎರಡನೇ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೂರಲು ಜಾಗ ಎಲ್ಲಿ ಎಂದು ಆಮೇಲೆ ಕೇಳಿ.