ಮೊದಲು ಬೆಂಕಿ ಕಲಿಸಿ, ಡಿಸೈನ್ ಆಮೇಲೆ

ಬೆಳ್ಳಿ ಒಡವೆ ಮಾಡುವುದನ್ನು ಕಲಿಸುವ ಸಂಜೆ ತರಗತಿಗಳು, ವಾರಾಂತ್ಯದ ವರ್ಕ್‌ಶಾಪುಗಳು ಮುಂಬೈಯಲ್ಲಿ ಈಗ ಅಲ್ಲಲ್ಲಿ ನಡೆಯುತ್ತಿವೆ. ನಮ್ಮ ಕನ್ನಡದವರೂ ಸೇರುತ್ತಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳು ದೊಡ್ಡವರಾದ ಮೇಲೆ ಕೈಗೊಂದು ಕೆಲಸ ಬೇಕೆನ್ನುವ ಗೃಹಿಣಿಯರು, ಆಫೀಸ್ ಮುಗಿಸಿ ನೇರ ಲೋಕಲ್ ಹತ್ತಿ ಬರುವ ಹುಡುಗ ಹುಡುಗಿಯರು ಎಲ್ಲರೂ ಇದ್ದಾರೆ. ಬಹಳ ಒಳ್ಳೆಯದು. ಆದರೆ ಇಂಥ ತರಗತಿಗಳಲ್ಲಿ ಹೆಚ್ಚಿನವುಗಳ ಕ್ರಮವೇ ತಲೆಕೆಳಗಾಗಿದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೊದಲ ದಿನ ಸ್ಕೆಚ್ ಪುಸ್ತಕ, ಎರಡನೇ ದಿನ ತಗಡು ಕತ್ತರಿಸುವುದು, ಮೂರನೇ ದಿನ ಬೆಸುಗೆಯ ಹೊತ್ತಿಗೆ ಕಲಿಸುವವರೇ ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ತೆಗೆದುಕೊಂಡು ಅರ್ಧ ನಿಮಿಷದಲ್ಲಿ ಮುಗಿಸಿಕೊಟ್ಟುಬಿಡುತ್ತಾರೆ. ಉಂಗುರ ಮನೆಗೆ ಬರುತ್ತದೆ, ಅದನ್ನು ಇನ್ನೊಮ್ಮೆ ಮಾಡುವ ಕೈ ಬರುವುದಿಲ್ಲ.

ಬೆಳ್ಳಿ ಕೆಲಸದಲ್ಲಿ ಕಷ್ಟದ ಭಾಗ ಬೆಂಕಿ. ಗರಗಸ, ಅರ, ಸುತ್ತಿಗೆ ಎಲ್ಲ ಅಭ್ಯಾಸದಿಂದ ಮನೆಯಲ್ಲೂ ಕೂಡುತ್ತವೆ. ಬೆಂಕಿಯ ಹದ ಮಾತ್ರ ತಿಳಿದವರು ಪಕ್ಕದಲ್ಲಿ ನಿಂತು ತೋರಿಸಬೇಕು. ಅದಕ್ಕೇ ತರಗತಿ ಬೇಕಾಗಿರುವುದು.

ಕಾರಣ ಲೆಕ್ಕದಲ್ಲೇ ಇದೆ. ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ಗೆ. ನಾವು ಒಡವೆಗೆ ಬಳಸುವ 925 ಬೆಳ್ಳಿಯಲ್ಲಿ ನೂರಕ್ಕೆ ಏಳೂವರೆ ಪಾಲು ತಾಮ್ರ ಸೇರಿರುತ್ತದೆ. ಅದು 800 ದಾಟಿದ ಕೂಡಲೇ ಮೆತ್ತಗಾಗಿ ಕರಗತೊಡಗಿ, 900 ಮುಟ್ಟುವ ಮೊದಲೇ ಪೂರ್ತಿ ನೀರಾಗುತ್ತದೆ. ಬೆಸುಗೆಗೆ ಬಳಸುವ, ಒಡವೆಯ ಬೆಳ್ಳಿಗಿಂತ ಬೇಗ ಕರಗುವ ಮಿಶ್ರಲೋಹವಾದ ಟಾಂಕಾದಲ್ಲಿ ಹಾರ್ಡ್ ಅನ್ನುವುದು ಸುಮಾರು 780ಕ್ಕೆ ಹರಿಯುತ್ತದೆ, ಮೀಡಿಯಂ 750ರ ಆಸುಪಾಸು, ಈಸಿ 720ರ ಹತ್ತಿರ. ತಯಾರಕರಿಗೆ ತಕ್ಕಂತೆ ಇದು ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಅಂದರೆ ಹಾರ್ಡ್ ಟಾಂಕಾ ಹರಿಯುವುದಕ್ಕೂ ಉಂಗುರವೇ ಕುಸಿಯುವುದಕ್ಕೂ ನಡುವೆ ಇರುವ ಅಂತರ ತೀರ ಕಿರಿದು. ಅದನ್ನು ಗುರುತಿಸುವುದು ಕಣ್ಣು, ಥರ್ಮಾಮೀಟರ್ ಅಲ್ಲ.

ಇದೇ ಕಾರಣಕ್ಕೆ ವಾರಗಟ್ಟಲೆ ತಾಮ್ರದ ಮೇಲೆ ಬೆಸುಗೆ ಅಭ್ಯಾಸ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಕತ್ತರಿಸಲು, ಅರ ಹಾಕಲು ತಾಮ್ರ ಹಿತ್ತಾಳೆ ಧಾರಾಳ ಸಾಕು. ಆದರೆ ತಾಮ್ರ ಕರಗುವುದು 1085ಕ್ಕೆ. ಅದರ ಮೇಲೆ ಕಲಿತ ಕೈ ಜ್ವಾಲೆಯನ್ನು ನಿರ್ಭಯವಾಗಿ ಒಂದೇ ಕಡೆ ನಿಲ್ಲಿಸುತ್ತದೆ, ಬೆಳ್ಳಿಗೆ ಬಂದ ದಿನವೇ ಉಂಗುರ ಮುದ್ದೆಯಾಗುತ್ತದೆ. ಬೆಳ್ಳಿ ದುಬಾರಿ ಎಂದು ಹೆದರಬೇಕಾಗಿಲ್ಲ. 4 ಮಿ.ಮೀ. ಅಗಲ, 1.2 ಮಿ.ಮೀ. ದಪ್ಪ, 58 ಮಿ.ಮೀ. ಉದ್ದದ ಪಟ್ಟಿ ಮೂರು ಗ್ರಾಂ ಸಹ ತೂಗುವುದಿಲ್ಲ. ಕೆಟ್ಟರೆ ಕರಗಿಸಿ ಮತ್ತೆ ಪಟ್ಟಿ ಎಳೆಯಬಹುದು.

ಆ 58 ಎಲ್ಲಿಂದ ಬಂತು ಅನ್ನುವುದನ್ನು ಹೆಚ್ಚಿನವರು ತಪ್ಪು ಲೆಕ್ಕ ಹಾಕುತ್ತಾರೆ. ಅಂಗಡಿಯ 14ನೇ ಸೈಜ್ ಅಂದರೆ ಉಂಗುರದ ಒಳಸುತ್ತು 54 ಮಿ.ಮೀ., ಒಳವ್ಯಾಸ ಸುಮಾರು 17.2. ಪಟ್ಟಿಯನ್ನು 54ಕ್ಕೇ ಕತ್ತರಿಸಿದರೆ ಉಂಗುರ ಬಿಗಿಯಾಗುತ್ತದೆ, ಏಕೆಂದರೆ ಬಗ್ಗುವಾಗ ಒಳಮೈ ಕುಗ್ಗಿ ಹೊರಮೈ ಹಿಗ್ಗುತ್ತದೆ. ಒಳವ್ಯಾಸಕ್ಕೆ ತಗಡಿನ ದಪ್ಪ ಕೂಡಿಸಿ 3.14ರಿಂದ ಗುಣಿಸಬೇಕು. 17.2ಕ್ಕೆ 1.2 ಕೂಡಿದರೆ 18.4, ಗುಣಿಸಿದರೆ 57.8. ತುದಿ ಅರೆಯಲು ಚೂರು ಬಿಟ್ಟು 58. ಇನ್ನೊಂದು ಮಾತು: ತಗಡನ್ನು ಗೇಜಿನಲ್ಲಿ (ದಪ್ಪ ಹೇಳುವ ನಂಬರು) ಕೇಳಬೇಡಿ, ಮಿಲಿಮೀಟರಿನಲ್ಲಿ ಕೇಳಿ. ಒಂದು ಪದ್ಧತಿಯ 18 ಗೇಜ್ 1.02 ಮಿ.ಮೀ., ಇನ್ನೊಂದರಲ್ಲಿ ಅದೇ 18 ಗೇಜ್ 1.22. ಯೂಟ್ಯೂಬ್ ನೋಡಿ ಒಂದು ಅಂದುಕೊಂಡು ಝವೇರಿ ಬಜಾರಿನಿಂದ ಇನ್ನೊಂದು ತಂದು ಲೆಕ್ಕ ತಪ್ಪಿಸಿಕೊಳ್ಳುವವರು ತುಂಬ ಜನ.

ಕತ್ತರಿಸುವ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬ್ಲೇಡಿನ ಹಲ್ಲು ಹೊರಮುಖವಾಗಿ, ಹಿಡಿಯ ಕಡೆಗೆ ಕೆಳಗೆ ಬಾಗಿರಬೇಕು. ತಗಡಿನ ದಪ್ಪದಲ್ಲಿ ಎರಡು ಮೂರು ಹಲ್ಲು ಕೂರುವಂಥ ಬ್ಲೇಡ್ ಬೇಕು, 1.2 ಮಿ.ಮೀ.ಗೆ 2/0 ನಂಬರಿನ ಬ್ಲೇಡ್, 0.8ಕ್ಕೆ 4/0 ಸರಿಹೊಂದುತ್ತದೆ. ಕಟ್ಟಿದ ಬ್ಲೇಡನ್ನು ಉಗುರಿನಿಂದ ಮೀಟಿದರೆ ಟಿಂಗ್ ಅನ್ನಬೇಕು. ಬ್ಲೇಡ್ ಮುರಿಯುವುದು ಹೆಚ್ಚಾಗಿ ಸಡಿಲ ಕಟ್ಟಿದ್ದರಿಂದ, ತಿರುವಿನಲ್ಲಿ ನಿಂತಲ್ಲೇ ಮೇಲೆ ಕೆಳಗೆ ಆಡಿಸದೆ ಸೀದಾ ತಿರುಗಿಸಿದ್ದರಿಂದ, ಇಲ್ಲವೇ ಕೈ ಮುಂದಕ್ಕೆ ಒತ್ತಿದ್ದರಿಂದ. ಕೆಳಗೆ ಎಳೆದಾಗ ಮಾತ್ರ ಕತ್ತರಿಸುತ್ತದೆ, ಮುಂದಕ್ಕೆ ತಳ್ಳುವುದು ಬೇಡ.

ಈಗ ಮುಖ್ಯ ವಿಷಯ, ಒಂದು ಕೂಡು, ಅಂದರೆ ಎರಡು ತುದಿ ಬೆಸೆದು ಸೇರುವ ಜಾಗ.

ಪಟ್ಟಿಯನ್ನು ಮೊದಲು ಕಾಯಿಸಿ ಮೆದು ಮಾಡಬೇಕು. ಕಪ್ಪು ಮಾರ್ಕರಿನಿಂದ ಒಂದು ಗೆರೆ ಎಳೆದು, ಮೆತ್ತನೆಯ ಜ್ವಾಲೆಯನ್ನು ಉದ್ದಕ್ಕೂ ಆಡಿಸಿ. ಗೆರೆ ಮಾಯವಾದಾಗ ಹದ ಹತ್ತಿರ ಬಂದಿದೆ. ಕತ್ತಲಲ್ಲಿ ನೋಡಿದರೆ ಮಂಕು ಕೆಂಪು, 600–650 ಡಿಗ್ರಿ. ಕೆಂಪು ಇಳಿದ ಮೇಲೆ ನೀರಿಗೆ ಹಾಕಬೇಕು. ಇಲ್ಲೇ ಸಂಜೆ ತರಗತಿಗಳ ಒಂದು ದೊಡ್ಡ ಕೊರತೆ ಎದ್ದು ಕಾಣುವುದು. ಸಭಾಂಗಣದ ಪ್ರಖರ ಟ್ಯೂಬ್‌ಲೈಟಿನ ಕೆಳಗೆ ಮಂಕು ಕೆಂಪು ಕಾಣುವುದೇ ಇಲ್ಲ. ಕಲಿಯುವವರು "ಇನ್ನೂ ಬಣ್ಣ ಬಂದಿಲ್ಲ" ಅಂತ ಕಾಯಿಸುತ್ತಲೇ ಹೋಗುತ್ತಾರೆ, ಕಂಡಾಗ ಹೊತ್ತು ಮೀರಿರುತ್ತದೆ. ಬೆಂಕಿಯ ಮೂಲೆಯಲ್ಲಿ ದೀಪ ಆರಿಸಬೇಕು, ಅಥವಾ ಮೂರು ಕಡೆ ಕಪ್ಪು ತಗಡು ನಿಲ್ಲಿಸಿ ನೆರಳು ಮಾಡಬೇಕು. ಸೀಲಿಂಗ್ ಫ್ಯಾನ್ ಕೂಡ ಆರಿಸಬೇಕು. ಮುಂಬೈಯ ಸೆಕೆಗೆ ಇದು ಕಷ್ಟ, ಗೊತ್ತು. ಆದರೆ ಫ್ಯಾನಿನ ಗಾಳಿ ಜ್ವಾಲೆಯನ್ನು ಅಲುಗಾಡಿಸಿ ಉಂಗುರದ ಒಂದು ಬದಿಯನ್ನು ತಣ್ಣಗಾಗಿಸುತ್ತದೆ, ಆಮೇಲೆ ಟಾಂಕಾ ಯಾಕೆ ಒಂದೇ ಕಡೆ ಓಡಿತು ಅಂತ ಕೇಳುವ ಹಾಗಾಗುತ್ತದೆ. ಕಿಟಕಿಯ ಹತ್ತಿರ ಹೊರಕ್ಕೆ ಎಳೆಯುವ ಎಕ್ಸಾಸ್ಟ್ ಇಟ್ಟರೆ ಹೊಗೆಯೂ ಹೋಗುತ್ತದೆ, ಜ್ವಾಲೆಯೂ ನಿಲ್ಲುತ್ತದೆ.

ಮೆದುವಾದ ಪಟ್ಟಿಯ ಎರಡೂ ತುದಿ ಚೌಕವಾಗಿ ಅರೆದು, ಬಗ್ಗಿಸಿ, ತುದಿಗಳನ್ನು ಒಮ್ಮೆ ಒಂದರ ಮೇಲೊಂದು ದಾಟಿಸಿ ಹಿಂದಕ್ಕೆ ತಂದರೆ ಅವು ತಾವಾಗಿಯೇ ಒತ್ತಿ ಕೂರುತ್ತವೆ. ಈ ಹಂತದಲ್ಲಿ ಉಂಗುರ ದುಂಡಗಿರಬೇಕಾಗಿಲ್ಲ. ಕೂಡನ್ನು ದೀಪಕ್ಕೆ ಹಿಡಿದು ನೋಡಿ. ಬೆಳಕು ಒಂದು ಕೂದಲಿನಷ್ಟು ತೂರಿದರೂ ಮತ್ತೆ ಅರೆಯಿರಿ. ಟಾಂಕಾ ಸಂದಿಯನ್ನು ತುಂಬುವುದಿಲ್ಲ, ತಾಗಿಕೊಂಡಿರುವ ಎರಡು ಮೈಗಳ ನಡುವೆ ಹರಿಯುತ್ತದೆ ಅಷ್ಟೆ. ತುಂಬಿದಂತೆ ಕಂಡದ್ದು ಪಾಲಿಶ್ ಆದ ಮೇಲೆ ಗೆರೆಯಾಗಿ ಮತ್ತೆ ಬಾಯಿ ಬಿಡುತ್ತದೆ.

ಬಿಳಿಗಾರವನ್ನು (ಬಜಾರಿನಲ್ಲಿ ಸುಹಾಗಾ ಅಂತ ಕೇಳಿ) ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಕೂಡಿಗೆ ಹಚ್ಚಿ. ಒಂದು ಮಿ.ಮೀ. ಚೌಕದ ಟಾಂಕಾ ಚೂರು ಎರಡು ಸಾಕು, ಕೂಡಿನ ಕೆಳಗೆ ಒಳಮೈಗೆ ತಾಗುವಂತೆ ಇಡಿ. ಮೊದಲು ಜ್ವಾಲೆಯನ್ನು ದೂರದಿಂದ, ನಿಧಾನವಾಗಿ ತೋರಿಸಬೇಕು. ಬಿಳಿಗಾರದ ನೀರು ಕುದಿದು ಬಿಳಿಯಾಗಿ ಉಬ್ಬುತ್ತದೆ, ಅವಸರ ಮಾಡಿದರೆ ಚೂರು ಹಾರಿ ಬೀಳುತ್ತದೆ. ಉಬ್ಬಿದ್ದು ಇಳಿದು, ಸ್ವಲ್ಪ ಹೊತ್ತಿಗೆ ತಿಳಿ ಗಾಜಿನ ಹಾಗೆ ಹರಡಿಕೊಂಡು ಹೊಳೆಯುತ್ತದೆ. ಅದೇ ಸೂಚನೆ. ಈಗ ಜ್ವಾಲೆಯನ್ನು ಕೂಡಿಗೆ ಗುರಿಯಿಡಬೇಡಿ. ಉಂಗುರದ ಹಿಂಭಾಗದಿಂದ ಶುರುಮಾಡಿ ಇಡೀ ಉಂಗುರವನ್ನು ಸುತ್ತಿ ಬನ್ನಿ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಬೇಗ ಹರಡುವುದು ಬೆಳ್ಳಿ. ಕಾವಲಿ ಪೂರ್ತಿ ಕಾಯದೆ ದೋಸೆ ಏಳದ ಹಾಗೆ, ಇಡೀ ಉಂಗುರ ಕಾಯದೆ ಕೂಡು ಕೂಡುವುದಿಲ್ಲ. ಕೊನೆಯ ಒಂದೆರಡು ಸೆಕೆಂಡು ಜ್ವಾಲೆಯನ್ನು ಕೂಡಿನ ಎರಡೂ ಬದಿಗೆ ಸಮನಾಗಿ ತನ್ನಿ. ಚೂರು ಅಂಚಿನಲ್ಲಿ ಮೆತ್ತಗಾಗಿ, ಒಮ್ಮೆಲೇ ಕುಸಿದು, ಬೆಳ್ಳಗಿನ ಮಿಂಚಿನ ಗೆರೆಯಾಗಿ ಕೂಡಿನೊಳಗೆ ಮೇಲಕ್ಕೆ ಓಡುತ್ತದೆ. ಆ ಗೆರೆ ಕಂಡ ಕ್ಷಣಕ್ಕೇ ಜ್ವಾಲೆ ತೆಗೆಯಬೇಕು.

ಚೂರು ಹರಿಯದೆ ಗುಂಡಗೆ ಗೋಲಿಯಾಗಿ ನಿಂತರೆ ಮೈ ಕೊಳೆಯಾಗಿದೆ, ಇಲ್ಲವೇ ಉಂಗುರ ತಣ್ಣಗಿರುವಾಗಲೇ ಚೂರಿಗೆ ನೇರ ಬೆಂಕಿ ಬಿದ್ದಿದೆ. ಒಂದೇ ಬದಿಗೆ ಓಡಿದರೆ ಆ ಬದಿ ಹೆಚ್ಚು ಕಾದಿತ್ತು, ಟಾಂಕಾ ಯಾವಾಗಲೂ ಬಿಸಿಯ ಕಡೆಗೇ ಹರಿಯುವುದು. ಕೂಡಿನಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ ಅತಿಯಾಗಿ ಕಾಯಿಸಿ ಟಾಂಕಾದೊಳಗಿನ ಸತು ಆವಿಯಾಗಿದೆ. ಈ ಮೂರನ್ನೂ ಕಲಿಯುವವರು ತಮ್ಮ ಕೈಯಿಂದಲೇ ಕಾಣಬೇಕು. "ಆಚಾರ್ರೇ, ಇದು ಸರಿಯಾಯ್ತಾ?" ಅಂತ ಕೇಳಿದವರ ಕೈಯಿಂದ ಟಾರ್ಚ್ ಕಸಿದುಕೊಂಡರೆ ಅದು ಯಾವುದೂ ಆಗುವುದಿಲ್ಲ.

ಆಮೇಲೆ ಆಮ್ಲದ ಸ್ನಾನ. ಬಜಾರಿನ ಕಾರಿಗರರು ಗಂಧಕಾಮ್ಲ ಬಳಸುತ್ತಾರೆ. ತರಗತಿಗೆ ಅದು ಬೇಡವೇ ಬೇಡ. ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ (ಕಿರಾಣಿ ಅಂಗಡಿಯ ನಿಂಬೆ ಉಪ್ಪು) ಹಾಕಿ ಬೆಚ್ಚಗಿಟ್ಟರೆ ಸುಮಾರು ಕಾಲು ಗಂಟೆಯಲ್ಲಿ ಬಿಳಿಗಾರವೂ ಕಪ್ಪೂ ಬಿಡುತ್ತದೆ. ಕುದಿಸಬಾರದು. ಕಬ್ಬಿಣದ ಚಿಮಟ ಅದರಲ್ಲಿ ಅದ್ದಿದರೆ ಒಳಗಿರುವ ಒಡವೆಯ ಮೇಲೆಲ್ಲ ತಾಮ್ರದ ಗುಲಾಬಿ ಪದರ ಕೂರುತ್ತದೆ, ತಾಮ್ರದ ಅಥವಾ ಪ್ಲಾಸ್ಟಿಕ್ ಚಿಮಟವೇ ಬೇಕು. ಪಾಲಿಶ್ ಆದ ಮೇಲೆ ಕಾಣಿಸಿಕೊಳ್ಳುವ ನೇರಳೆ ಬೂದು ಕಲೆಯಂತೂ ಬೇರೆ ಕಥೆ. ಅದು ಹೊರಗಿನ ಕೊಳೆಯಲ್ಲ, ಮೈಯ ಕೆಳಗೆ ತಾಮ್ರ ಗಾಳಿಗೆ ಸುಟ್ಟದ್ದು, ಅರೆದೇ ತೆಗೆಯಬೇಕು. ಕಾಯಿಸುವ ಮೊದಲು ಇಡೀ ಉಂಗುರಕ್ಕೆ ಬಿಳಿಗಾರ ಹಚ್ಚಿ, ಬೆಂಕಿಯ ಹೊತ್ತನ್ನು ಕಡಿಮೆ ಮಾಡಿದರೆ ಅದು ಬಹುಪಾಲು ಬರುವುದಿಲ್ಲ.

ಟಾಂಕಾ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ಪಡೆಯಿರಿ. ಚಿನ್ನದ ಅಂಗಡಿಗಳು ವರ್ಷಗಟ್ಟಲೆ ಬೋರ್ಡಿನಲ್ಲಿ ಬರೆದ ಕೆಡಿಎಂ ಬಂದದ್ದು ಆ ಲೋಹದಿಂದಲೇ. ಅದು 767 ಡಿಗ್ರಿಗೆ ಕುದಿದು ಆವಿಯಾಗುತ್ತದೆ, ಆ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಕೇಡು. ಸಣ್ಣ ಸಭಾಂಗಣದಲ್ಲಿ ಎಂಟು ಜನ ಕೂತು ಕೆಲಸ ಮಾಡುವಾಗ ಇದರಲ್ಲಿ ರಾಜಿ ಮಾಡಿಕೊಳ್ಳುವ ತರಗತಿಗೆ ಯಾರೂ ಸೇರಬಾರದು. ಸೇರುವ ಮುನ್ನ ಇದನ್ನು ಕೇಳಿ. ಒಬ್ಬರಿಗೆ ಒಂದು ಸಂಜೆಯಲ್ಲಿ ಟಾರ್ಚ್ ಎಷ್ಟು ಹೊತ್ತು ಸಿಗುತ್ತದೆ ಅಂತಲೂ ಕೇಳಿ. ನಾಲ್ಕು ಜನಕ್ಕೆ ಒಂದು ಬೆಂಕಿಯ ಜಾಗವಾದರೂ ಇರಬೇಕು. ಉಂಗುರಕ್ಕೆ ಬ್ಯೂಟೇನ್ ಕೈಟಾರ್ಚ್ ಸಾಕು. 30 ಗ್ರಾಂ ಬಳೆಗೆ ಸಾಲದು, ಶಾಖ ಹರಡಿಹೋಗಿ ಟಾಂಕಾ ಹರಿಯುವುದೇ ಇಲ್ಲ, ಅಲ್ಲಿ ಎಲ್‌ಪಿಜಿ ಟಾರ್ಚೇ ಬೇಕು.

ವಾರಕ್ಕೆ ಎರಡು ಸಂಜೆ, ಎರಡೆರಡು ಗಂಟೆಯಂತೆ ಹನ್ನೆರಡು ವಾರದ ತರಗತಿಯಾದರೆ ಒಟ್ಟು 48 ಗಂಟೆ. ಅದರಲ್ಲಿ ಅರ್ಧ ಬೆಂಕಿಗೇ ಹೋಗಲಿ. ಮೊದಲು ಪಟ್ಟಿಯ ಕೂಡು, ಆಮೇಲೆ ತಗಡಿನ ಮೇಲೆ ತಂತಿ, ತಗಡಿನ ಮೇಲೆ ತಗಡು, ಹತ್ತು ಹದಿನೈದು ಕೊಂಡಿಯ ಸರಪಳಿ, ಕೊನೆಗೆ ಕಲ್ಲು ಕೂರಿಸುವ ಗೂಡು. ಗೂಡಿಗೆ 0.3 ಮಿ.ಮೀ. ಶುದ್ಧ ಬೆಳ್ಳಿ ಪಟ್ಟಿ ಒಳ್ಳೆಯದು, ಮೆದುವಾಗಿದ್ದು ಕಲ್ಲಿನ ಮೇಲೆ ಸುಲಭವಾಗಿ ಬಾಗುತ್ತದೆ. ಹಲವು ಕೂಡುಗಳಿರುವ ಒಡವೆಯಲ್ಲಿ ಮೊದಲು ಹಾರ್ಡ್, ನಂತರ ಮೀಡಿಯಂ, ಕೊನೆಗೆ ಈಸಿ; ಈ ಕ್ರಮ ತಪ್ಪಿದರೆ ಹಿಂದಿನ ಕೂಡು ಬಿಚ್ಚಿಕೊಳ್ಳುತ್ತದೆ. ಪಾಲಿಶ್ ಯಂತ್ರ ಕೊನೆಯ ವಾರಕ್ಕೆ ಸಾಕು. ಅದಕ್ಕೆ ಮೊದಲು 400, 600, 1000ರ ಮರಳು ಕಾಗದವನ್ನು ಪ್ರತಿ ಸಲ ದಿಕ್ಕು ಬದಲಿಸಿ ಉಜ್ಜಿಸಿ. ಸರಪಳಿಯನ್ನಂತೂ ತಿರುಗುವ ಚಕ್ರಕ್ಕೆ ಕೊಡಲೇಬಾರದು, ಬೆರಳಿಗೆ ಸುತ್ತಿ ಎಳೆದುಕೊಳ್ಳುತ್ತದೆ.

ಕಲಿತ ಕೂಡಲೇ ಇನ್‌ಸ್ಟಾಗ್ರಾಮಿನಲ್ಲಿ ಮಾರಲು ಹೊರಡುವವರಿಗೊಂದು ಮಾತು. ಬಜಾರಿನಲ್ಲಿ ಸಿಗುವ 925 ಅಚ್ಚು ಒತ್ತಿದರೆ ಅದು ಹಾಲ್‌ಮಾರ್ಕ್ ಆಗುವುದಿಲ್ಲ. ಅದನ್ನು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯ ಮಾಡಿದ ಕೇಂದ್ರವೇ ಪರೀಕ್ಷಿಸಿ ಒತ್ತಬೇಕು. ಬೆಳ್ಳಿಗೆ ಅದು ಕಡ್ಡಾಯವಲ್ಲ, ಆದರೆ 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕಿಗೂ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆಯಾದ ಗುರುತಿನ ಸಂಖ್ಯೆ, ಬಂದಿದೆ.

ಈ ಊರಿನಲ್ಲಿ ಹೋಟೆಲು ಹುಡುಗರನ್ನು ಓದಿಸಿದ್ದು ಕನ್ನಡ ರಾತ್ರಿ ಶಾಲೆಗಳು. ದುಡಿದು ಬಂದವರಿಗೆ ಸಂಜೆ ಕಲಿಸುವುದು ನಮಗೆ ಹೊಸತಲ್ಲ. ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಸಂಘಗಳ ಸಭಾಂಗಣಗಳು ಇವೆ, ವಾರದ ದಿನಗಳಲ್ಲಿ ಎಷ್ಟೋ ಸಂಜೆ ಖಾಲಿ. ಉಡುಪಿ ಕುಂದಾಪುರ ಕಡೆಯಿಂದ ಬಂದು ನೆಲೆಸಿದ ಆಚಾರ್ಯರು, ಕಾರವಾರ ಅಂಕೋಲೆಯ ಶೇಟರು, ವಯಸ್ಸಾಗಿ ಮನೆಯಲ್ಲಿರುವವರು, ಕೈಯಲ್ಲಿ ವಿದ್ಯೆ ಇಟ್ಟುಕೊಂಡು ಕೂತಿದ್ದಾರೆ. ಅವರನ್ನು ಗೌರವಧನ ಕೊಟ್ಟು ಕರೆಯಿರಿ. ಗಟ್ಟಿ ಮೇಜು ನಾಲ್ಕು ಬೇಕು. ಊಟದ ಮೇಜು ತೀರ ತಗ್ಗು, ಕೆಲಸದ ಮರದ ತುಂಡು ಎದೆಯ ಮಟ್ಟಕ್ಕೆ ಬರಬೇಕು, ಇಲ್ಲವಾದರೆ ಕುತ್ತಿಗೆ ಬೆನ್ನು ಹೋಗುತ್ತದೆ. ಶಾಖ ತಡೆಯುವ ಇಟ್ಟಿಗೆ, ಎರಡು ಟಾರ್ಚ್, ಎಕ್ಸಾಸ್ಟ್, ಬೆಂಕಿ ಆರಿಸುವ ಸಿಲಿಂಡರ್. ಪ್ರತಿಯೊಬ್ಬರ ಕೆಳಗೆ ಒಂದು ತಟ್ಟೆ, ಅರೆದ ಪುಡಿ ಅವರವರದ್ದೇ. ಟಾಂಕಾ ಬೆರೆತ ಪುಡಿಯನ್ನು ಬೇರೆ ಡಬ್ಬಿಗೆ ಹಾಕಿಸಿ, ಅದು ಶುದ್ಧಿಗೇ ಹೋಗಬೇಕು. ಬರೀ ಬೆಳ್ಳಿಯದ್ದರಲ್ಲಿ ಅಯಸ್ಕಾಂತ ಆಡಿಸಿ ಬ್ಲೇಡಿನ ಕಬ್ಬಿಣ ತೆಗೆದು ಮತ್ತೆ ಕರಗಿಸಬಹುದು. ಮೊದಲ ತಂಡವನ್ನು ಅಕ್ಟೋಬರಿನಲ್ಲಿ ಶುರುಮಾಡಿ. ಜೂನಿನಲ್ಲಿ ತೆರೆದರೆ ಹೊಸ ಅರ, ಇಕ್ಕಳ, ಉಂಗುರದ ಕೋಲು ಎಲ್ಲ ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯುತ್ತವೆ, ಆ ತುಕ್ಕಿನ ಗುಳಿಗಳು ಒಂದೊಂದೂ ಬೆಳ್ಳಿಯ ಮೈಮೇಲೆ ಅಚ್ಚೊತ್ತುತ್ತವೆ.