ಗ್ಲಾಕೋಮಾ ಹನಿಗಳು: ಎಲ್ಲರಿಗೂ ಪ್ರಿಸರ್ವೇಟಿವ್ ಇಲ್ಲದ್ದೇ ಕೊಡಬೇಕೇ?

ಪರ: ಮೊದಲ ದಿನದಿಂದಲೇ ಕೊಡಲಿ

ಗ್ಲಾಕೋಮಾ ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ. ಅದಕ್ಕೆ ಹನಿ ಶುರುವಾದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ. ಹಾಗಿರುವಾಗ ಬಾಟಲಿಯಲ್ಲಿ ಔಷಧಿಯ ಜೊತೆ ಇನ್ನೇನಿದೆ ಅಂತ ಕೇಳಲೇಬೇಕು ಅಲ್ವಾ?

ಬಾಟಲಿಯೊಳಗೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಸೇರಿಸುವುದೇ ಪ್ರಿಸರ್ವೇಟಿವ್. ಹೆಚ್ಚಿನ ಬಾಟಲಿಗಳಲ್ಲಿ ಇರುವುದು ಬೆಂಜಾಲ್ಕೋನಿಯಂ ಕ್ಲೋರೈಡ್. ಪ್ರಮಾಣ ಶೇ. 0.004ರಿಂದ 0.02ರವರೆಗೆ. ಕೇಳಲು ತೀರಾ ಕಡಿಮೆ. ಆದರೆ ಇದು ಡಿಟರ್ಜೆಂಟ್ ಗುಣದ ರಾಸಾಯನಿಕ. ಬ್ಯಾಕ್ಟೀರಿಯಾದ ಹೊರಪೊರೆಯನ್ನು ಒಡೆದು ಕೊಲ್ಲುತ್ತದೆ. ಅದೇ ಗುಣದಿಂದ ಕಣ್ಣೀರಿನ ಮೇಲಿರುವ ಎಣ್ಣೆಪದರವನ್ನೂ ಕೆಡಿಸುತ್ತದೆ. ಕಣ್ಣೀರು ಬೇಗ ಆರುತ್ತದೆ. ಲೋಳೆ ಕೊಡುವ ಕೋಶಗಳು ಕಡಿಮೆಯಾಗುತ್ತವೆ, ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ) ಮೇಲ್ಪದರ ಸವೆಯುತ್ತದೆ. ಆಮೇಲೆ ಉರಿ, ಕೆಂಪು, ಮರಳು ಬಿದ್ದಂತೆ ಚುಚ್ಚುವಿಕೆ. ಎರಡು ಮೂರು ಬಗೆಯ ಹನಿ ಹಾಕುವವರಿಗೆ ಈ ಕಾಟ ಇನ್ನೂ ಜಾಸ್ತಿ.

ನನ್ನನ್ನು ಹೆಚ್ಚು ಕಾಡುವುದು ಇದರ ಪರಿಣಾಮ. ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವೇ ಇರುವುದಿಲ್ಲ. ತೊಂದರೆ ಅನ್ನಿಸುವುದು ಹನಿಯಿಂದ. ಹಾಗಾಗಿ ರೋಗಿ ಒಂದು ದಿನ ಹನಿ ಬಿಡುತ್ತಾರೆ, ಆಮೇಲೆ ಒಂದು ವಾರ. ಕಣ್ಣಿನ ಒತ್ತಡ ಏರುತ್ತದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಮುಂದೆ ಟ್ರಾಬೆಕ್ಯುಲೆಕ್ಟಮಿ ಆಪರೇಷನ್ ಬೇಕಾದರೆ, ವರ್ಷಗಟ್ಟಲೆ ಕೆರಳಿದ ಕಣ್ಣಲ್ಲಿ ಗಾಯ ಬಿಗಿದುಕೊಂಡು, ಕಣ್ಣೊಳಗಿನ ನೀರು ಹೊರಹೋಗಲು ಆ ಆಪರೇಷನ್‌ನಲ್ಲಿ ಮಾಡಿದ ದಾರಿ ಮುಚ್ಚಿಹೋಗುವ ಅಪಾಯವೂ ಹೆಚ್ಚು.

ಪ್ರಿಸರ್ವೇಟಿವ್ ಇಲ್ಲದಿದ್ದರೆ ಔಷಧಿ ಒಳಗೆ ಇಳಿಯುವುದಿಲ್ಲ ಅನ್ನುವ ಅನುಮಾನವಿತ್ತು. ಆದರೆ ಲಟಾನೊಪ್ರಾಸ್ಟ್, ಟ್ಯಾಫ್ಲುಪ್ರಾಸ್ಟ್ ಎಂಬ ಗ್ಲಾಕೋಮಾ ಔಷಧಿಗಳೆರಡೂ ಪ್ರಿಸರ್ವೇಟಿವ್ ಇಲ್ಲದೆಯೇ ಒತ್ತಡವನ್ನು ಚೆನ್ನಾಗಿ ಇಳಿಸುತ್ತವೆ. ಇನ್ನೇಕೆ ಕಾಯಬೇಕು?

ವಿರೋಧ: ಬೇಕಾದವರಿಗೆ ಸಿಗಲಿ, ಎಲ್ಲರಿಗೂ ಬೇಡ

ತೆರೆದ ಬಾಟಲಿಯನ್ನು ಸುಮಾರು ನಾಲ್ಕು ವಾರ ಬಳಸುತ್ತೇವೆ. ಅದರ ತುದಿ ರೆಪ್ಪೆಗೆ ತಾಗುತ್ತದೆ, ಬೆರಳಿಗೆ ತಾಗುತ್ತದೆ. ಸೂಡೊಮೊನಾಸ್ ಬ್ಯಾಕ್ಟೀರಿಯಾ ಹೊಕ್ಕರೆ ಕಾರ್ನಿಯಾ ಕೆಲವೇ ದಿನಗಳಲ್ಲಿ ಹಾಳಾಗಬಹುದು. 2023ರಲ್ಲಿ ಅಮೆರಿಕದಲ್ಲಿ ಇದೇ ಬ್ಯಾಕ್ಟೀರಿಯಾ ಹಬ್ಬಿದಾಗ, ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಬಾಟಲಿಗಳೇ ಮೂಲ ಅಂತ ಗೊತ್ತಾಯಿತು. 81 ಜನರಲ್ಲಿ ಅದು ಪತ್ತೆಯಾಯಿತು, 4 ಜನ ತೀರಿಕೊಂಡರು. ಅದು ಗ್ಲಾಕೋಮಾ ಔಷಧಿಯಲ್ಲ, ತಯಾರಿಕೆಯಲ್ಲೇ ಲೋಪವಿತ್ತು, ನಿಜ. ಆದರೂ ಪ್ರಿಸರ್ವೇಟಿವ್ ಯಾವ ಕೆಲಸಕ್ಕೆ ಇದೆ ಅನ್ನುವುದು ಅಲ್ಲಿ ಕಾಣುತ್ತದೆ.

ಪ್ರಿಸರ್ವೇಟಿವ್ ಇಲ್ಲದೆಯೂ ಬ್ಯಾಕ್ಟೀರಿಯಾ ತಡೆಯಲು ಫಿಲ್ಟರ್ ಇರುವ ಬಾಟಲಿ, ಒಂದೇ ಸಲಕ್ಕೆ ಬಳಸುವ ಪುಟ್ಟ ಟ್ಯೂಬು ಇವೆ. ಬೆಲೆ ಜಾಸ್ತಿ. ಕೀಲುನೋವಿನ ಬೆರಳಿಗೆ ಆ ಟ್ಯೂಬು ಹಿಂಡುವುದೂ ಕಷ್ಟ. ದುಡ್ಡಿಲ್ಲದೆ ಹನಿ ನಿಲ್ಲಿಸಿದರೂ ದೃಷ್ಟಿ ಹೋಗುತ್ತದೆ.

ಕಣ್ಣು ಕೆಂಪಾದರೆ ತಪ್ಪೆಲ್ಲ ಪ್ರಿಸರ್ವೇಟಿವ್‌ನದ್ದೇ ಅಲ್ಲ. ಲಟಾನೊಪ್ರಾಸ್ಟ್‌ನಂಥ ಔಷಧಿಗಳೇ ಕೆಂಪು ತರುತ್ತವೆ, ಇನ್ನೊಂದು ಗ್ಲಾಕೋಮಾ ಔಷಧಿ ಬ್ರಿಮೊನಿಡಿನ್‌ಗೆ ಅಲರ್ಜಿ ಸಾಮಾನ್ಯ. ದಿನಕ್ಕೆ ಒಂದೇ ಹನಿ ಹಾಕುವ ಎಷ್ಟೋ ಜನರಿಗೆ ವರ್ಷಗಳಾದರೂ ಏನೂ ಆಗುವುದಿಲ್ಲ. ಯುರೋಪಿನ ಔಷಧ ಸಂಸ್ಥೆಯೂ 2009ರಲ್ಲಿ ಎಲ್ಲರಿಗೂ ಬದಲಿಸಿ ಅನ್ನಲಿಲ್ಲ. ತಡೆದುಕೊಳ್ಳಲಾಗದವರಿಗೆ ಬೇರೆ ದಾರಿ ಇರಲಿ ಅಂದಿತು.

ಮೊದಲೇ ಒಣಗಣ್ಣು ಇರುವವರಿಗೆ, ಹಲವು ಹನಿ ಹಾಕುವವರಿಗೆ, ಆಪರೇಷನ್ ಹತ್ತಿರವಿರುವವರಿಗೆ ಖಂಡಿತ ಬದಲಿಸಲಿ. ಉಳಿದವರಿಗೆ ಎರಡು ಔಷಧಿ ಸೇರಿರುವ ಒಂದೇ ಬಾಟಲಿ ಕೊಟ್ಟರೂ ಕಣ್ಣಿಗೆ ಬೀಳುವ ರಾಸಾಯನಿಕ ಕಡಿಮೆಯಾಗುತ್ತದೆ.