ಅಮ್ಮನಿಗೆ ಹೇಳಲು ಸಾಕ್ಷಿ ಇಲ್ಲವಾ?

ಚರ್ಚಿನ ಆರಾಧನೆಯಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ತನಗೆ ಮಾಡಿದ್ದನ್ನು ಎಲ್ಲರ ಮುಂದೆ ಎದ್ದು ಹೇಳುವ ಸಮಯ ಬಂತು ಅಂದರೆ ನನ್ನ ಅಮ್ಮ ತಲೆ ತಗ್ಗಿಸುತ್ತಾಳೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಸುತ್ತಿಕೊಳ್ಳುತ್ತಾಳೆ. ಎರಡು ವರ್ಷದಿಂದ ಪಕ್ಕದಲ್ಲೇ ಕೂತು ನೋಡುತ್ತಿದ್ದೇನೆ. ಹೋದ ಭಾನುವಾರ ಒಬ್ಬ ತಾಯಿ ಎದ್ದು ನಿಂತರು. ಮಗನಿಗೆ ಕೆಲಸ ಸಿಕ್ಕಿತು, ಮೂರು ದಿನ ಉಪವಾಸ ಇದ್ದೆ, ಕರ್ತನು ಕೇಳಿದನು ಅಂದರು. ಎಲ್ಲರೂ ಸ್ತೋತ್ರ ಅಂದೆವು. ಅಮ್ಮನೂ ಅಂದಳು. ಬಾಯಿಮಾತಿಗಲ್ಲ, ಮನಸ್ಸಿನಿಂದಲೇ ಅಂದಳು. ಆದರೆ ಸೆರಗು ಎಷ್ಟು ಬಿಗಿಯಾಗಿತ್ತು ಅಂದರೆ ಬೆರಳ ತುದಿ ಬಿಳಿಚಿಕೊಂಡಿತ್ತು.

ಅವತ್ತಿನಿಂದ ಇದು ನನ್ನ ಎದೆಯಲ್ಲೇ ಕೂತಿದೆ. ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ತಮ್ಮ ತೀರಿಕೊಂಡು ಎರಡು ವರ್ಷ ಆಯಿತು. ಅವನಿಗೆ 41. ಕೋಲಾರದ ಹತ್ತಿರ ನಮಗೆ ಒಂದೂವರೆ ಎಕರೆ ಇದೆ, ಅದರಲ್ಲಿ ಟೊಮ್ಯಾಟೊ ಹಾಕುತ್ತಿದ್ದ. 15 ಕೆಜಿ ಬಾಕ್ಸುಗಳನ್ನು ಟೆಂಪೋಗೆ ತುಂಬಿ ಬೆಳಗಾಗುವ ಮೊದಲೇ ಎಪಿಎಂಸಿಗೆ ಹೋಗಿಬಿಡುತ್ತಿದ್ದ. ಬಿಪಿ ಇತ್ತು, ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಎರಡು ಕಿಡ್ನಿಯೂ ಹೋಗಿದ್ದವು. ಆಮೇಲೆ ನಾಲ್ಕು ವರ್ಷ ಡಯಾಲಿಸಿಸ್. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ದಿನಕ್ಕೆ ಒಂದು ಲೀಟರ್ ನೀರು, ಅದರಲ್ಲೇ ಕಾಫಿ, ಸಾರು, ಮಜ್ಜಿಗೆ ಎಲ್ಲ ಲೆಕ್ಕ. ಬೇಸಿಗೆಯಲ್ಲಿ ಐಸ್ ತುಂಡು ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದ. ಪೊಟ್ಯಾಶಿಯಂ ಏರುತ್ತದೆ ಅಂತ ಎಳನೀರು ಬೇಡ, ಬಾಳೆಹಣ್ಣು ಬೇಡ, ಟೊಮ್ಯಾಟೊ ಬೇಡ ಅಂದಿದ್ದರು. ತಾನು ಬೆಳೆದ ಹಣ್ಣನ್ನು ತಾನು ತಿನ್ನುವ ಹಾಗಿರಲಿಲ್ಲ.

ನನ್ನ ಕಿಡ್ನಿ ಹೊಂದಲಿಲ್ಲ. ಅಮ್ಮನಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ. ಅಂಗಾಂಗ ದಾನದ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ಕಾದೆವು. ಪ್ರಾರ್ಥನೆ ಮಾಡಿದೆವು. ಎಷ್ಟು ಮಾಡಿದೆವು ಅಂತ ಹೇಗೆ ಹೇಳಲಿ. ಮನೆಕೂಟ, ಉಪವಾಸ ಪ್ರಾರ್ಥನೆ, ಇಡೀ ರಾತ್ರಿ ಪ್ರಾರ್ಥನೆ. ಅಮ್ಮ ನಾಲ್ಕು ಗಂಟೆಗೇ ಎದ್ದು ಅಡುಗೆಮನೆಯಲ್ಲಿ ಮೊಣಕಾಲೂರುತ್ತಿದ್ದಳು. ಚರ್ಚಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವವಳು, ಒಬ್ಬಳೇ ಇದ್ದಾಗ ತೆಲುಗಿಗೆ ಇಳಿಯುತ್ತಾಳೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಗೇ ಅಲ್ವಾ. ಗೋಡೆಯಾಚೆ ಮಲಗಿದ್ದ ನನಗೆ ಅವಳ ದನಿ ಕೇಳಿಸುತ್ತಿತ್ತು. ದೊಡ್ಡ ಮಾತೇನೂ ಇರಲಿಲ್ಲ. ಬಿಡ್ಡ, ಬಿಡ್ಡ, ಅಷ್ಟೇ. ಮಗು, ಮಗು.

ನಾಲ್ಕು ವರ್ಷ ಒಂದೇ ಒಂದು ಬೇಡಿಕೆ. ಸಿಗಲಿಲ್ಲ.

ತಮ್ಮ ಇನ್ನೂ ಬದುಕಿದ್ದಾಗ ಒಬ್ಬ ಬೋಧಕರು ಮನೆಗೆ ಬಂದಿದ್ದರು. ಯಾರು, ಯಾವ ಊರಿನವರು ಅನ್ನುವುದು ಬೇಡ. ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದರು, ಕಾಣಿಕೆ ತೆಗೆದುಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು ಅಮ್ಮನಿಗೆ, "ಈ ಮನೆಯಲ್ಲಿ ನಂಬಿಕೆ ಸಾಲದಮ್ಮಾ, ಎಲ್ಲೋ ಅಡ್ಡಿ ಇದೆ, ಹುಡುಕಿ ತೆಗೀರಿ" ಅಂದರು. ಆ ರಾತ್ರಿ ಅಮ್ಮ ಮಲಗಲಿಲ್ಲ. ನಲವತ್ತು ವರ್ಷದ ಹಿಂದೆ ಪಕ್ಕದ ಮನೆಯವಳ ಜತೆ ಬದುವಿನ ವಿಷಯಕ್ಕೆ ಆಡಿದ ಮಾತನ್ನು ನೆನಪು ಮಾಡಿಕೊಂಡು ಅತ್ತಳು. ಬೆಳಿಗ್ಗೆ ಹೋಗಿ ಆ ಅಜ್ಜಿಯ ಕೈ ಹಿಡಿದು ಕ್ಷಮೆ ಕೇಳಿಕೊಂಡು ಬಂದಳು. ಪಾಪ, ಆ ಅಜ್ಜಿಗೆ ಅದು ನೆನಪೇ ಇರಲಿಲ್ಲ.

ಕಾಯಿಲೆಯವರ ಮನೆಗೆ ಹೋಗಿ ಹೀಗೆ ಹೇಳುವವರಿಗೆ ನನ್ನದೊಂದು ಪ್ರಶ್ನೆ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಎಷ್ಟು ಸಲ ಕೇಳಿದ? ಮೂರು ಸಲ. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರ ಹೋಗಲಿ ಅಂತ. ಹೋಯಿತಾ? ಅವನಿಗೂ ನಂಬಿಕೆ ಸಾಲಲಿಲ್ಲವಾ? ಅಪೊಸ್ತಲನಾದ ಪೌಲನ ಶರೀರದಲ್ಲೊಂದು ಮುಳ್ಳು ಇತ್ತು. ಅದೇನು ಅಂತ ಅವನು ಬಿಡಿಸಿ ಹೇಳಲಿಲ್ಲ. ತೆಗೆದುಬಿಡು ಅಂತ ಅವನೂ ಮೂರು ಸಲ ಬೇಡಿದ. ಬಂದ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು ಅಂತ. ಮುಳ್ಳು ಅಲ್ಲೇ ಉಳಿಯಿತು. ಮೋಶೆಯದು ಇನ್ನೂ ಕಠಿಣ. ನಲವತ್ತು ವರ್ಷ ಜನರನ್ನು ಅರಣ್ಯದಲ್ಲಿ ನಡೆಸಿದವನು, ಯೊರ್ದನ್ ಹೊಳೆಯಾಚೆ ಆ ಒಳ್ಳೆಯ ದೇಶವನ್ನು ನೋಡುತ್ತೇನೆ, ದಾಟಗೊಡಿಸು ಅಂತ ಬೇಡುತ್ತಾನೆ. ಸಾಕು, ಈ ವಿಷಯ ಇನ್ನು ನನ್ನ ಹತ್ತಿರ ಎತ್ತಬೇಡ ಅಂದುಬಿಡುತ್ತಾನೆ ದೇವರು. ಸತ್ಯವೇದದ ಧರ್ಮೋಪದೇಶಕಾಂಡದ ಮೂರನೆಯ ಅಧ್ಯಾಯ, ತೆಗೆದು ನೋಡಿ. ಇದರ ಮೇಲೆ ಪ್ರಸಂಗ ಕೇಳಿದ ನೆನಪೇ ನನಗಿಲ್ಲ. ಮಕ್ಕಳಿಲ್ಲದ ಹನ್ನಳ ಮೇಲೆ ಮಾತ್ರ ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ. ಅಳುತ್ತಾ ಬೇಡಿದಳು, ಸಮುವೇಲ ಹುಟ್ಟಿದ. ಅದೂ ಸತ್ಯವೇ. ಆದರೆ ಅದೊಂದೇ ಸತ್ಯವಾ?

ಬಿಡದೆ ಪ್ರಾರ್ಥಿಸಬೇಕು ಅನ್ನುವುದಕ್ಕೆ ಎಲ್ಲರೂ ಲೂಕನ ಸುವಾರ್ತೆ 18ರಲ್ಲಿ ಯೇಸು ಹೇಳಿದ ವಿಧವೆಯ ಕಥೆ ಹೇಳುತ್ತಾರೆ. ದೇವರಿಗೂ ಹೆದರದ, ಮನುಷ್ಯರಿಗೂ ಬೆಲೆ ಕೊಡದ ನ್ಯಾಯಾಧಿಪತಿ. ಅವನ ಹತ್ತಿರ ದಿನಾ ಹೋಗಿ ನ್ಯಾಯ ಕೊಡು ಅನ್ನುವ ಹೆಂಗಸು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಅವನು ಇವಳ ಕಾಟ ತಡೆಯಲಾರದೆ ನ್ಯಾಯ ತೀರಿಸುತ್ತಾನೆ. ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಜಾಸ್ತಿ ಕೇಳು, ಜಾಸ್ತಿ ಸಿಗುತ್ತದೆ ಅನ್ನುವ ಹಾಗೆ. ಯೇಸು ಅಲ್ಲಿಗೆ ನಿಲ್ಲಿಸಲಿಲ್ಲ. ಅಂಥ ನ್ಯಾಯಾಧಿಪತಿಯೇ ಕೇಳಿದ ಮೇಲೆ ಹಗಲೂ ರಾತ್ರಿ ಮೊರೆಯಿಡುವ ತನ್ನವರಿಗೆ ದೇವರು ನ್ಯಾಯ ತೀರಿಸದೆ ಇರುತ್ತಾನಾ ಅಂದ. ಅಂದವನು ಕೊನೆಯಲ್ಲಿ ಒಂದು ಪ್ರಶ್ನೆ ಬಿಟ್ಟ: ಮನುಷ್ಯಕುಮಾರನು (ತನ್ನನ್ನೇ ಹಾಗೆ ಕರೆದುಕೊಳ್ಳುತ್ತಿದ್ದ) ಬಂದಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ? ಎಷ್ಟು ಜನಕ್ಕೆ ಕೇಳಿದ್ದು ಸಿಕ್ಕಿತು ಅಂತ ಎಣಿಸಲು ಅವನು ಬರುವುದಿಲ್ಲ. ಬಾಗಿಲ ಹತ್ತಿರ ಇನ್ನೂ ಯಾರಾದರೂ ನಿಂತಿದ್ದಾರಾ ಅಂತ ನೋಡಲು ಬರುತ್ತಾನೆ. ನನ್ನ ಅಮ್ಮನ ಮೊಣಕಾಲಿನ ಮೇಲಿನ ಕಪ್ಪು ಕಲೆ ನೋಡಿದಾಗೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ.

ತಮ್ಮ ಹೋದದ್ದು ಒಂದು ಗುರುವಾರ. ಆಸ್ಪತ್ರೆಗೆ ಸೇರಿಸುವ ಮೊದಲು ಕೂಲಿಯವರಿಂದ ಸಸಿ ನೆಡಿಸಿದ್ದ. ಮಣ್ಣು ಮಾಡಿ ಬಂದ ಮೂರನೇ ವಾರಕ್ಕೆ ಗಿಡಗಳಲ್ಲಿ ಹಣ್ಣು ಕೆಂಪಾಗಿದ್ದವು. ಶನಿವಾರ ಅಮ್ಮ ತಾನೇ ಹೋಗಿ ಮೊದಲನೇ ಕೊಯ್ಲು ಕೊಯ್ದಳು. ಒಳ್ಳೆಯ ಹಣ್ಣುಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿ ಬಾಕ್ಸಿಗೆ ಜೋಡಿಸಿದಳು. ಯಾಕೆ ಅಂತ ನಾನು ಕೇಳಲಿಲ್ಲ, ಚರ್ಚಿಗೆ ಕಾಣಿಕೆ ಕೊಡಲು ಅಂತ ನನಗೆ ಗೊತ್ತಾಗಿಹೋಗಿತ್ತು. ಆ ವರ್ಷ ರೇಟು ಚೆನ್ನಾಗಿತ್ತು, ಮನೆಯಲ್ಲಿ ಸಾಲ ಇತ್ತು. ನನ್ನ ನಾದಿನಿ, ತಮ್ಮನ ಹೆಂಡತಿ, ತಡೆಯಲಾರದೆ ಕೇಳಿಯೇಬಿಟ್ಟಳು. "ಅತ್ತೇ, ನಾಲ್ಕು ವರ್ಷ ಬೇಡಿದ್ರೂ ಕೊಡ್ಲಿಲ್ಲ. ಇನ್ನೂ ಯಾಕೆ ತಗೊಂಡೋಗಿ ಕೊಡ್ತೀರಾ?"

ಅಮ್ಮ ಅವಳನ್ನು ಬೈಯಲಿಲ್ಲ. "ನೀನು ಕೇಳೋದು ಸರಿ ಕಣಮ್ಮಾ" ಅಂದಳು. ಸ್ವಲ್ಪ ಹೊತ್ತು ಹಣ್ಣು ಒರೆಸಿದಳು. ಆಮೇಲೆ, "ಕೊಟ್ಟ ಅಂತ ಕೊಡೋದಾದ್ರೆ ಅದು ಬಾಕಿ ತೀರಿಸಿದ ಹಾಗೆ. ಅವನು ನನ್ನ ದೇವ್ರು, ಅದಕ್ಕೆ ಕೊಡ್ತೀನಿ" ಅಂದಳು.

ಭಾನುವಾರ ಆ ಬಾಕ್ಸನ್ನು ಬಲಿಪೀಠದ ಮುಂದೆ ಇಟ್ಟಳು. ಆರಾಧನೆ ಮುಗಿದ ಮೇಲೆ ಹರಾಜಾಯಿತು. ತಮ್ಮನ ಹಣ್ಣುಗಳು ಯಾರ ಮನೆಗೋ ಹೋದವು.

ಸತ್ಯವೇದದಲ್ಲಿ ಬರುವ ಬೇಥಾನ್ಯ ಊರಿನ ಹೆಂಗಸಿನ ಕಥೆ ನನಗೆ ಅರ್ಥವಾದದ್ದು ಅವತ್ತು. ಯೇಸುವಿನ ಹತ್ತಿರ ಬಂದವರೆಲ್ಲ ಸಾಮಾನ್ಯವಾಗಿ ಏನಾದರೂ ಬೇಕು ಅಂತಲೇ ಬಂದವರು. ಕಣ್ಣು ಬೇಕು, ಕಾಲು ಬೇಕು, ಮಗಳು ಬದುಕಬೇಕು. ಅದರಲ್ಲಿ ತಪ್ಪೇನಿಲ್ಲ, ಅವನು ಯಾರನ್ನೂ ಬೈಯಲಿಲ್ಲ. ಇವಳು ಮಾತ್ರ ಏನೂ ಕೇಳಲಿಲ್ಲ. ಸುಗಂಧತೈಲದ ಭರಣಿ ಒಡೆದು ಅವನ ತಲೆಯ ಮೇಲೆ ಹೊಯ್ದಳು. ಅದರ ಬೆಲೆ 300 ದಿನಾರಿಗಿಂತ ಹೆಚ್ಚು ಅಂತ ಮಾರ್ಕನು ಬರೆಯುತ್ತಾನೆ. ಒಂದು ದಿನಾರಿ ಅಂದರೆ ಒಬ್ಬನ ಒಂದು ದಿನದ ಕೂಲಿ. ಹೆಚ್ಚುಕಮ್ಮಿ ಒಂದು ವರ್ಷದ ದುಡಿಮೆ. ಸುತ್ತ ಕೂತವರು ಇದೇನು ದಂಡ ಅಂತ ಗೊಣಗಿದರು. ಲೆಕ್ಕ ಹಾಕಿದರೆ ದಂಡವೇ. ಅದನ್ನೇ ಯೇಸು ಒಳ್ಳೆಯ ಕೆಲಸ ಅಂದ.

ಸಿರಿವಂತ ಭಕ್ತ ಯೋಬನ ವಿಷಯದಲ್ಲಿ ಸೈತಾನ ದೇವರಿಗೆ ಹಾಕಿದ ಸವಾಲೂ ಇದೇ ಅಲ್ವಾ. ಯೋಬ ಸುಮ್ನೆ ನಿನಗೆ ಭಯಪಡುತ್ತಾನಾ, ಲಾಭ ಇಲ್ಲದೆ ಯಾರು ನಿನ್ನನ್ನು ಆರಾಧಿಸುತ್ತಾರೆ ಅಂತ. ಇಡೀ ಯೋಬನ ಪುಸ್ತಕ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ. ನಾವು ಬರೀ ಸಿಕ್ಕಿದ್ದನ್ನೇ ಎಣಿಸಿ ಎಣಿಸಿ ಸಾಕ್ಷಿ ಹೇಳುತ್ತಾ ಹೋದರೆ, ಗೊತ್ತಿಲ್ಲದೇನೇ ಸೈತಾನನ ಮಾತಿಗೆ ಹೂಂಗುಟ್ಟಿದ ಹಾಗೆ ಆಗುತ್ತದೆ ಅನ್ನುವುದು ನನ್ನ ಭಯ. ಸಿಕ್ಕಿದವರು ಹೇಳಬಾರದು ಅನ್ನುತ್ತಿಲ್ಲ. ಖಂಡಿತ ಹೇಳಬೇಕು, ನಾನೂ ಚಪ್ಪಾಳೆ ತಟ್ಟುತ್ತೇನೆ. ಸಿಗದವರಿಗೂ ಎದ್ದು ನಿಲ್ಲುವ ಧೈರ್ಯ ನಾವು ಕೊಟ್ಟಿದ್ದೇವಾ ಅಂತ ಕೇಳುತ್ತಿದ್ದೇನೆ.

ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ನೋಡಿ. ನಂಬಿಕೆಯಿಂದ ರಾಜ್ಯಗಳನ್ನು ಗೆದ್ದವರು, ಸಿಂಹಗಳ ಬಾಯಿ ಕಟ್ಟಿದವರು, ಸತ್ತ ಮಕ್ಕಳನ್ನು ತಿರುಗಿ ಪಡೆದ ತಾಯಂದಿರು. ಓದುತ್ತಾ ಓದುತ್ತಾ ಮೈ ಜುಮ್ಮೆನ್ನುತ್ತದೆ. ಅಷ್ಟರಲ್ಲಿ 35ನೇ ವಚನದ ಮಧ್ಯದಲ್ಲೇ ಮಾತು ತಿರುಗುತ್ತದೆ. ಬೇರೆ ಕೆಲವರು ಪೆಟ್ಟು ತಿಂದರು, ಬೇಡಿ ಬಿತ್ತು, ಕಲ್ಲೆಸೆದರು, ಗರಗಸದಿಂದ ಕೊಯ್ದರು. ಮಗನನ್ನು ಪಡೆದವಳೂ ಗರಗಸಕ್ಕೆ ಸಿಕ್ಕಿದವನೂ ಒಂದೇ ಪಟ್ಟಿಯಲ್ಲಿದ್ದಾರೆ. ಇವರಿಗೆ ನಂಬಿಕೆ ಕಮ್ಮಿ ಅಂತ ಅಲ್ಲಿ ಬರೆದಿಲ್ಲ. ಇವರೆಲ್ಲರೂ ನಂಬಿಕೆಯಿಂದ ಸಾಕ್ಷಿ ಹೊಂದಿದರು, ಆದರೂ ವಾಗ್ದಾನ ಮಾಡಿದ್ದು ಕೈಗೆ ಬರಲಿಲ್ಲ ಅಂತ ಬರೆದಿದೆ. ಸಾಕ್ಷಿ ಅನ್ನುವ ಮಾತೇ ಅಲ್ಲಿದೆ. ಕೈಗೆ ಏನೂ ಬರದವರಿಗೂ ಸಾಕ್ಷಿ ಇದೆ.

ನಮ್ಮ ಕೋಲಾರದ ಎಷ್ಟೋ ಕ್ರೈಸ್ತ ಕುಟುಂಬಗಳು ಎಲ್ಲಿಂದ ಬಂದವು ಅಂತ ಹುಡುಕಿಕೊಂಡು ಹೋದರೆ ಧಾತು, ಈಶ್ವರ ಸಂವತ್ಸರಗಳ ಬರದ ಹತ್ತಿರ ಬಂದು ನಿಲ್ಲುತ್ತೇವೆ. 1876ರಿಂದ 78ರವರೆಗೆ ಮೈಸೂರು ಸಂಸ್ಥಾನದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜನ ಸತ್ತುಹೋದರು. ಆಗ ಮಿಸ್ ಆನ್‌ಸ್ಟೀ ಅನ್ನುವ ಇಂಗ್ಲಿಷ್ ಹೆಣ್ಣುಮಗಳು ಕೋಲಾರದಲ್ಲಿ ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. ಆ ಕೆಲಸ ಆಮೇಲೆ ಮೆಥೋಡಿಸ್ಟ್ ಮಿಷನ್ನಿನ ಕೈಗೆ ಬಂತು. ನಾನೂ ತಮ್ಮನೂ ಹುಟ್ಟಿದ ಇಟಿಸಿಎಂ ಆಸ್ಪತ್ರೆಯೂ ಅದೇ ಮಿಷನ್ನಿನವರು ಕಟ್ಟಿದ್ದು. ಆ ಮಕ್ಕಳ ತಂದೆತಾಯಿ ಮಳೆಗಾಗಿ ತಮ್ಮ ತಮ್ಮ ದೇವರ ಮುಂದೆ ಎಷ್ಟು ಅತ್ತಿರಬೇಕು. ಮಳೆ ಬರಲಿಲ್ಲ. ಅವರು ದಾರಿಯಲ್ಲೇ ಬಿದ್ದುಹೋದರು. ಅವರಿಗೆ ಭಕ್ತಿ ಸಾಲಲಿಲ್ಲ ಅಂತ ಹೇಳುವ ಬಾಯಿ ಯಾರಿಗಿದೆ? ಭಾನುವಾರ ಬೆಂಚಿನ ಮೇಲೆ ಕೂತು ಹಾಡುವಾಗ ನಾನು ಕೆಲವು ಸಲ ಅವರನ್ನು ನೆನೆಯುತ್ತೇನೆ.

ಅಮ್ಮನಿಗೆ ಇಷ್ಟವಾದ ವಚನ ಪ್ರವಾದಿ ಹಬಕ್ಕೂಕನ ಪುಸ್ತಕದ ಮೂರನೇ ಅಧ್ಯಾಯದ ಕೊನೆಯ ಭಾಗದ್ದು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿಯಲ್ಲಿ ಹಣ್ಣಿಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಅನ್ನುವುದು. ಹಬಕ್ಕೂಕ ನಮ್ಮ ಕಡೆಯವನಾಗಿದ್ದರೆ, ಹಿಪ್ಪುನೇರಳೆ ಒಣಗಿದರೂ, ಬೋರ್‌ವೆಲ್ 1500 ಅಡಿಗೂ ಧೂಳೇ ಕಕ್ಕಿದರೂ, ಟೊಮ್ಯಾಟೊ ಮಾರಿದ ದುಡ್ಡಲ್ಲಿ ಬಾಡಿಗೆಯೂ ಹುಟ್ಟದಿದ್ದರೂ ಅಂತ ಬರೆಯುತ್ತಿದ್ದ. ಒಂದು ಮಾತು ಹೇಳಬೇಕು. ಉಲ್ಲಾಸ ಅಂದರೆ ಅಮ್ಮ ನಗುನಗುತ್ತಾ ಓಡಾಡುತ್ತಿದ್ದಾಳೆ ಅಂತ ಅಲ್ಲ. ಅಳುತ್ತಾಳೆ. ಕೆಲವು ದಿನ ಸತ್ಯವೇದ ತೆರೆಯುವುದೇ ಇಲ್ಲ. ಒಂದು ಸಲ, "ಯಾಕೆ ಅಂತ ಅವನನ್ನೇ ಕೇಳ್ತೀನಿ, ಹೋದ ದಿನ ಎದುರಿಗೇ ಕೇಳ್ತೀನಿ" ಅಂದಳು. 88ನೇ ಕೀರ್ತನೆ ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ, ಬೆಳಕಿನ ಒಂದು ಸಾಲೂ ಇಲ್ಲ. ಅದೂ ಪ್ರಾರ್ಥನೆಯೇ. ಅದನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ.

ಈಗಲೂ ಅಮ್ಮ ನಾಲ್ಕು ಗಂಟೆಗೆ ಏಳುತ್ತಾಳೆ. ಮಗ ಇಲ್ಲ, ಇನ್ನು ಯಾರಿಗೋಸ್ಕರ ಅಂತ ನನಗೆ ಅನಿಸಿತ್ತು. ಒಂದು ದಿನ ಕಿವಿಗೊಟ್ಟು ಕೇಳಿದೆ. ಡಯಾಲಿಸಿಸ್ ವಾರ್ಡಿನಲ್ಲಿ ತಮ್ಮನ ಪಕ್ಕದ ಬೆಡ್ಡಿನಲ್ಲಿ ಮುಳಬಾಗಿಲು ಕಡೆಯ ಒಬ್ಬ ಆಟೋ ಓಡಿಸುವ ಹುಡುಗ ಇದ್ದ. ಸಾಬರ ಹುಡುಗ. ಇಬ್ಬರಿಗೂ ಡಯಾಲಿಸಿಸ್ ಮೆಷಿನ್ ಹಾಕಿದ ಮೇಲೆ ನಾಲ್ಕು ಗಂಟೆ ಮಾತೇ ಮಾತು. ಅಮ್ಮ ಅವನಿಗೋಸ್ಕರ ಪ್ರಾರ್ಥನೆ ಮಾಡುತ್ತಿದ್ದಾಳೆ. ಅವನ ಹೆಸರು, ಅವನ ಹೆಂಡತಿ, ಅವನ ಇಬ್ಬರು ಮಕ್ಕಳು. ಅದೇ ತೆಲುಗು, ಅದೇ ಬಿಡ್ಡ. ತನ್ನ ಮಗನಿಗೆ ಸಿಗದೇ ಹೋದ ಕಿಡ್ನಿ ಅವನಿಗೆ ಸಿಗಲಿ ಅಂತ ಕೇಳುತ್ತಿದ್ದಾಳೆ. ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ಮುಂದಿನ ಭಾನುವಾರ ಸಾಕ್ಷಿಯ ಸಮಯದಲ್ಲಿ ನಾನು ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ. ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರ ಹತ್ತಿರ ಮಾತಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಮ್ಮಾ, ಎಷ್ಟು ಹೊತ್ತಾದರೂ ಹೇಳು" ಅಂದರು. ಅಮ್ಮನಿಗೆ ಇನ್ನೂ ತಿಳಿಸಿಲ್ಲ. ತಿಳಿದರೆ ಬೇಡ ಅಂತಾಳೆ. ಅವಳ ಪಕ್ಕದಲ್ಲೇ ಕೂರುತ್ತೇನೆ, ಏಳುವ ಮೊದಲು ಆ ಬೆರಳಿನಿಂದ ಸೆರಗು ಬಿಡಿಸಿ ಕೈ ಹಿಡಿದುಕೊಳ್ಳುತ್ತೇನೆ.